ಎಷ್ಟು ಕಡ್ಡಿ ಬೇಕಾಯ್ತು?

ನವರಾತ್ರಿ ಬಂತೆಂದರೆ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಸಂಜೆಯ ಹೊತ್ತು ಹೆಂಗಸರಿಗೆ ಪುರಸೊತ್ತಿರುವುದಿಲ್ಲ. ಈ ಮನೆಯ ಗೊಂಬೆ, ಆ ಮನೆಯ ಗೊಂಬೆ, ಅರಿಶಿನ ಕುಂಕುಮ, ತಾಂಬೂಲ, ಮಕ್ಕಳ ಕೈಗೊಂದಿಷ್ಟು ಚರ್ಪು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅದರ ಕೆಳಗೆ ದಶಾವತಾರ, ಇನ್ನೂ ಕೆಳಗೆ ಚನ್ನಪಟ್ಟಣದ ಬಣ್ಣದ ಗೊಂಬೆ, ಶೆಟ್ಟಿ ಅಂಗಡಿ, ಮದುವೆ ದಿಬ್ಬಣ. ಎಲ್ಲಕ್ಕಿಂತ ಕೆಳಗೆ, ರಾಗಿ ಪೈರು ಬೆಳೆಸಿದ ಪುಟ್ಟ ಪಾರ್ಕಿನ ಪಕ್ಕದಲ್ಲಿ, ಆ ಮನೆಯವರೇ ಕೈಯಾರೆ ಮಾಡಿದ ಯಾವುದಾದರೂ ಒಂದು ವಸ್ತು. ಅದು ಬಹಳ ಸಲ ಬೆಂಕಿಕಡ್ಡಿಯದೇ ಆಗಿರುತ್ತದೆ: ಗುಡಿಸಲು, ಬಾವಿ, ಎತ್ತಿನಗಾಡಿ. ಕೈ ಪಳಗಿದವರಾದರೆ ತಾಜಮಹಲು, ವಿಧಾನಸೌಧ.

ಅದರ ಮುಂದೆ ನಿಂತವರು ಆಡುವ ಮಾತು ಸಾಮಾನ್ಯವಾಗಿ ಮೂರು. ಎಷ್ಟು ಕಡ್ಡಿ ಬೇಕಾಯ್ತು? ಎಷ್ಟು ದಿನ ಹಿಡೀತು? ಮೂರನೆಯದು ಪ್ರಶ್ನೆಯಲ್ಲ, ತೀರ್ಪು: "ನಿಮಗೆ ತುಂಬಾ ತಾಳ್ಮೆ ಕಣ್ರೀ!" ಮಾಡಿದಾಕೆ ನಾಚಿಕೊಂಡು "ಏನೋ, ಟೈಂಪಾಸಿಗೆ" ಎನ್ನುತ್ತಾಳೆ. ಅಲ್ಲಿಗೆ ವಿಮರ್ಶೆ ಮುಗಿಯಿತು. ಎಲ್ಲರೂ ಕೋಸಂಬರಿಯ ಕಡೆ ತಿರುಗುತ್ತಾರೆ.

ಈ ಮೂರು ಮಾತುಗಳ ಮೇಲೂ ನನಗೆ ತಕರಾರಿದೆ.

ರಂಗೋಲಿಯನ್ನೇ ತೆಗೆದುಕೊಳ್ಳಿ. 15ರಿಂದ 8, 21ರಿಂದ 11 ಎಂದು ಚುಕ್ಕಿ ಎಣಿಸಿಯೇ ಇಡುತ್ತೇವೆ. ಆದರೆ ಬೆಳಗಾಗೆದ್ದು ಎದುರುಮನೆಯ ರಂಗೋಲಿ ನೋಡಿ "ಚೆನ್ನಾಗಿದೆ" ಎನ್ನುವಾಗ ಚುಕ್ಕಿ ಎಷ್ಟೆಂದು ಯಾರು ಕೇಳುತ್ತಾರೆ? ಎಳೆ ಸಮ ಬಂದಿದೆಯೆ, ತಿರುವಿನಲ್ಲಿ ಕೈ ನಡುಗಿದೆಯೆ, ಬಾಗಿಲ ಅಳತೆಗೆ ಒಪ್ಪಿದೆಯೆ ಎಂದು ನೋಡುತ್ತೇವೆ. ಕುಸುರೆಳ್ಳಿಗೆ ಮುಳ್ಳು ಎದ್ದಿದೆಯೆ, ಸಕ್ಕರೆ ಅಚ್ಚಿನ ಅಂಚು ಮುಕ್ಕಾಗದೆ ಬಂದಿದೆಯೆ, ಮದುವೆಮನೆಯ ಕೊಬ್ಬರಿ ಕೆತ್ತನೆಯಲ್ಲಿ ಬಳ್ಳಿ ಬಳ್ಳಿಯಂತೆ ಕಾಣುತ್ತದೆಯೆ ಎಂಬುದನ್ನು ಒಂದೇ ನೋಟಕ್ಕೆ ಹೇಳಬಲ್ಲೆವು. ನೋಡುವ ಕಣ್ಣು ನಮಗಿದೆ ಎಂದಾಯಿತು. ಬೆಂಕಿಕಡ್ಡಿಯ ಮುಂದೆ ಮಾತ್ರ ಆ ಕಣ್ಣು ಮುಚ್ಚಿಕೊಂಡು ಗುಮಾಸ್ತನ ಕಣ್ಣು ತೆರೆದುಕೊಳ್ಳುತ್ತದೆ.

ಈ ಎಣಿಕೆಯ ಚಾಳಿ ನಮ್ಮದೊಂದೇ ಅಲ್ಲ. ಫ್ರಾನ್ಸಿನ ರಿಚರ್ಡ್ ಪ್ಲೋ ಎಂಬುವರು 8 ವರ್ಷ ಕೂತು 7,06,900 ಕಡ್ಡಿಗಳಿಂದ 7.19 ಮೀಟರ್ ಎತ್ತರದ ಐಫೆಲ್ ಗೋಪುರ ಕಟ್ಟಿದರು. ಅದಕ್ಕೂ ಮೊದಲು ದಾಖಲೆ ಇದ್ದದ್ದು ಲೆಬನಾನಿನ ತೌಫಿಕ್ ದಾಹೆರ್ ಅವರ ಹೆಸರಿನಲ್ಲಿ. 2009ರ ಅವರ ಗೋಪುರ 6.53 ಮೀಟರ್. 2024ರ ಆರಂಭದಲ್ಲಿ ಗಿನ್ನೆಸ್ ದಾಖಲೆಯವರು ಪ್ಲೋ ಅವರ ಗೋಪುರವನ್ನು ಒಪ್ಪಲಿಲ್ಲ. ಕಾರಣವೇನು ಗೊತ್ತೆ? ಮೊದಮೊದಲು ಅವರು ಒಂದೊಂದೇ ಕಡ್ಡಿಯ ತುದಿಯ ಮದ್ದನ್ನು ಕತ್ತರಿಸಿ ತೆಗೆಯುತ್ತಿದ್ದರು. ಆಮೇಲೆ ಬೇಸರವಾಗಿ, ಕಾರ್ಖಾನೆಯಿಂದಲೇ ಮದ್ದಿಲ್ಲದ ಕಡ್ಡಿ ತರಿಸಿಕೊಂಡರು. ಅಂಗಡಿಯಲ್ಲಿ ಸಿಗದ ಕಡ್ಡಿ ಬೆಂಕಿಕಡ್ಡಿಯೇ ಅಲ್ಲ ಎಂಬುದು ತಕರಾರು. ಜಗತ್ತೆಲ್ಲ ನಕ್ಕ ಮೇಲೆ, ಫೆಬ್ರವರಿಯಲ್ಲಿ, ತಾವು ತುಸು ಬಿಗಿಯಾದೆವೆಂದು ಹೇಳಿ ದಾಖಲೆ ಕೊಟ್ಟರು. ಈ ಗಲಾಟೆಯಲ್ಲಿ ಕಡ್ಡಿ ಎಷ್ಟು, ಅಂಟು ಎಷ್ಟು ಕಿಲೋ ಎಂಬುದೆಲ್ಲ ಊರೂರಿಗೆ ಗೊತ್ತಾಯಿತು. ಗೋಪುರ ನೋಡಲು ಹೇಗಿದೆ ಎಂದು ಬರೆದವರು ಕಡಿಮೆ.

ಆದರೂ ಆ ತಕರಾರಿನಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಮದ್ದು ತೆಗೆದ ಮೇಲೆ ಉಳಿಯುವುದು ಬರೀ ಸೌದೆ ಚೂರು. ಹಾಗಿದ್ದರೆ ಅದನ್ನು ಬೆಂಕಿಕಡ್ಡಿಯ ಕೆಲಸ ಎಂದು ಕರೆಯುವುದೇಕೆ? ಸ್ಕಾಟ್ಲೆಂಡಿನ ಶಿಲ್ಪಿ ಡೇವಿಡ್ ಮ್ಯಾಕ್ ಇದಕ್ಕೆ ತಿರುವುಮುರುವಾಗಿ ಹೊರಟವರು. ಅವರು ಮದ್ದನ್ನು ಉಳಿಸಿಕೊಂಡು, ಬಣ್ಣಬಣ್ಣದ ತುದಿಗಳು ಹೊರಗೆ ಕಾಣುವಂತೆ ಸಾವಿರಾರು ಕಡ್ಡಿ ಜೋಡಿಸಿ ಮನುಷ್ಯರ, ಪ್ರಾಣಿಗಳ ಮುಖ ಮಾಡುತ್ತಾರೆ. ಕೆಲವನ್ನು ಜನರೆದುರೇ ಹೊತ್ತಿಸುತ್ತಾರೆ. ಒಂದು ಭುಗಿಲು, ಆಮೇಲೆ ಕರಿ ಹಿಡಿದ ಮುಖ. ಆದರೆ ಅದೇ ಆಕಾರ. ಬೆಂಕಿಕಡ್ಡಿಗೆ ಉರಿಯುವ ಗುಣವಿದೆ ಎಂಬುದನ್ನು ಅವರು ಮರೆತಿಲ್ಲ. ನಮ್ಮ ಮನೆಗಳಲ್ಲಿ ಈ ಆಟ ಬೇಡ. ಆದರೆ ವಸ್ತುವಿನ ಗುಣ ತಿಳಿದು ಕೆಲಸ ಮಾಡುವುದೆಂದರೆ ಏನು ಎಂಬುದಕ್ಕೆ ಇದೊಂದು ಪಾಠ.

ನಮ್ಮ ಕಡ್ಡಿಯ ಗುಣವೇನು? ಎರಡು ಅಂಗುಲಕ್ಕೂ ಕಡಿಮೆ ಉದ್ದ. ನೇರ. ಬಾಗಿಸಿದರೆ ಮುರಿಯುತ್ತದೆ. ಮೇಣದ ಕಡ್ಡಿ ಈ ಕೆಲಸಕ್ಕೆ ಬಾರದು, ಬಳುಕುತ್ತದೆ, ಅಂಟು ಹಿಡಿಯುವುದಿಲ್ಲ, ಮರದ್ದೇ ಬೇಕು. ಮದ್ದು ತೆಗೆಯುವುದಾದರೆ ಉರಿಸಿ ಅಲ್ಲ, ಕತ್ತರಿಸಿ ತೆಗೆಯಬೇಕು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುವುದರಿಂದ ಕತ್ತರಿಸಿದ ತುದಿಗಳನ್ನು ರಾಶಿ ಹಾಕದೆ ಆಗಿಂದಾಗ್ಗೆ ನೀರಿಗೆ ಹಾಕುವುದು ಕ್ಷೇಮ. ಇನ್ನು ನಾಲ್ಕು ಕಡ್ಡಿಯ ಚೌಕ ಮಾಡಿ ನೋಡಿ, ಬೆರಳು ತಾಗಿಸಿದರೆ ಸೊಟ್ಟಗಾಗುತ್ತದೆ. ಅಕ್ಕಪಕ್ಕದ ಎರಡು ಬದಿಗೆ ತಾಗುವಂತೆ ಇನ್ನೊಂದು ಕಡ್ಡಿ ಓರೆಯಾಗಿ ಅಂಟಿಸಿ, ಅಲುಗುವುದಿಲ್ಲ. ಮೂರು ಬದಿಯ ಆಕೃತಿ ಸೊಟ್ಟಗಾಗಲಾರದು ಎಂಬ ಈ ಸತ್ಯವನ್ನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಫೀಸು ಕೊಟ್ಟು ಕಲಿಯುತ್ತಾರೆ. ಅಡಿಗೆಮನೆಯ ಕಟ್ಟೆಯ ಮೇಲೆ ಫೆವಿಕಾಲ್ ಡಬ್ಬಿ ಇಟ್ಟುಕೊಂಡು ಕೂತವಳು ಅದನ್ನು ಕೈಯಿಂದಲೇ ಕಂಡುಕೊಂಡಿರುತ್ತಾಳೆ. ಇದಕ್ಕೆ ಹೆಸರು ತಾಳ್ಮೆಯೆ? ಇದು ಬುದ್ಧಿ.

ವಸ್ತುವಿನ ಗುಣ ಇದಾದ ಮೇಲೆ, ಕಟ್ಟಲು ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದು ಅರ್ಧ ಕೆಲಸ. ಐಫೆಲ್ ಗೋಪುರ ಬೆಂಕಿಕಡ್ಡಿಗೆ ಒಪ್ಪುತ್ತದೆ. 1889ರಲ್ಲಿ ಎದ್ದ ಆ ಗೋಪುರವೇ 18,000ಕ್ಕೂ ಹೆಚ್ಚು ಕಬ್ಬಿಣದ ತುಂಡುಗಳನ್ನು ಅಡ್ಡ, ಉದ್ದ, ಓರೆ ಜೋಡಿಸಿ ಮಾಡಿದ್ದು. ತಾಜಮಹಲಿನದು ಬೇರೆ ದಾರಿ. ಅದರ ಚೆಲುವೆಲ್ಲ ಗುಮ್ಮಟದ ಉಬ್ಬಿನಲ್ಲಿದೆ, ಅಮೃತಶಿಲೆಯ ನುಣುಪಿನಲ್ಲಿದೆ. ನೇರ ಕಡ್ಡಿಯಿಂದ ಅದನ್ನು ಮಾಡಹೊರಟರೆ ಗುಮ್ಮಟ ಹಲಸಿನಹಣ್ಣಾಗುತ್ತದೆ. ವಿಧಾನಸೌಧದ ಗತ್ತು ಇರುವುದು ಕಲ್ಲಿನ ಭಾರದಲ್ಲಿ; ಕಡ್ಡಿಯಲ್ಲಿ ಅದು ಬಿಸ್ಕತ್ತಿನ ಡಬ್ಬಿಯಂತೆ ಹಗುರಾಗಿ ಕಾಣುತ್ತದೆ. ಹಟ ಹಿಡಿದು ಗೆದ್ದವರೂ ಇದ್ದಾರೆನ್ನಿ. ಅಮೆರಿಕದ ಅಯೋವಾ ಸೀಮೆಯ ಗ್ಲ್ಯಾಡ್‌ಬ್ರೂಕ್ ಎಂಬ ಸಣ್ಣ ಊರಿನಲ್ಲಿ ಪ್ಯಾಟ್ರಿಕ್ ಆಕ್ಟನ್ 1977ರಿಂದ ಇದೇ ಕೆಲಸ ಮಾಡುತ್ತಾ ಬಂದು, ಗುಮ್ಮಟವಿರುವ ಅವರ ದೇಶದ ಸಂಸತ್ ಭವನವನ್ನೂ ಕಟ್ಟಿದ್ದಾರೆ. ಆ ಊರಿನಲ್ಲಿ ಅವರ ಮಾದರಿಗಳದೇ ಒಂದು ವಸ್ತುಸಂಗ್ರಹಾಲಯವಿದೆ. ಆದರೆ ಅಂಥ ಪಳಗಿದ ಕೈ ಲಕ್ಷಕ್ಕೊಂದು. ಉಳಿದವರು ಕಡ್ಡಿಯ ಮಾತು ಕೇಳುವುದು ಒಳ್ಳೆಯದು. ಮರದ ಕೆಲಸವನ್ನು ಮರದ ಚೂರಿನಲ್ಲಿ ಮಾಡಿದರೆ ಕಡ್ಡಿ ತಾನಾಗಿ ಒಲಿಯುತ್ತದೆ: ನಮ್ಮ ತೇರು, ಎತ್ತಿನಗಾಡಿ, ತೊಟ್ಟಿಮನೆ, ಕೆ.ಆರ್. ಮಾರುಕಟ್ಟೆಯ ಹತ್ತಿರವಿರುವ, 1791ರಲ್ಲಿ ಮುಗಿದ ಟೀಪುವಿನ ತೇಗದ ಕಂಬಗಳ ಅರಮನೆ.

ತೊಟ್ಟಿಮನೆ ಎಂದಾಗ ಒಂದು ಮಾದರಿ ನೆನಪಾಗುತ್ತದೆ. ಬಿಟಿಎಂ ಬಡಾವಣೆಯ ಒಂದು ಮನೆಯಲ್ಲಿ ನಾನು ನೋಡಿದ್ದು. ಮಾಡಿದಾಕೆ ಮಲೆನಾಡಿನ ಕಡೆಯವರು. ತವರುಮನೆ ಅಣ್ಣತಮ್ಮಂದಿರ ಪಾಲಾಗಿ, ಕೆಡವಿ, ತೊಲೆಕಂಬ ಮಾರಿದ ಮೇಲೆ, ನೆನಪಿನಿಂದಲೇ ಅದನ್ನು ಕಡ್ಡಿಯಲ್ಲಿ ಕಟ್ಟಿದ್ದರು. ಬಂದವರೆಲ್ಲ ಎಂದಿನಂತೆ ಲೆಕ್ಕ ಕೇಳಿದರು. ಅವರೂ ಎಂದಿನಂತೆ ಹೇಳಿದರು. ಸೂರು ಡಬ್ಬಿಯ ಮುಚ್ಚಳದ ಹಾಗೆ ತೆಗೆಯಬಹುದಿತ್ತು. ತೆಗೆದು ನೋಡಿದವರು ಇಲ್ಲ. ಒಳಗೆ ತೊಟ್ಟಿ, ಅದರ ಸುತ್ತ ಜಗಲಿ, ಒಂದು ಮೂಲೆಯಲ್ಲಿ ಅಡಿಗೆಮನೆ. ಮನೆಗೆಲ್ಲ ಮದ್ದು ಕತ್ತರಿಸಿದ ಕಡ್ಡಿ. ಒಲೆಯೊಳಗೆ ಮಾತ್ರ ಮದ್ದು ಉಳಿಸಿದ ಮೂರು ಕಡ್ಡಿ, ಕೆಂಡದ ಹಾಗೆ. ಬಾಗಿಲು ಇಷ್ಟು ಗಿಡ್ಡ ಏಕೆ ಎಂದು ಕೇಳಿದೆ. "ಹಾಗೇ ಇತ್ತು. ಅಪ್ಪ ಬಗ್ಗಿಯೇ ಒಳಗೆ ಬರ್ತಿದ್ರು" ಎಂದರು. ಅಡಿಗೆಮನೆಗೆ ಕಿಟಕಿ ಒಂದೇ ಏಕೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ ಕೆಮ್ಮಿಗೆ ಅದೇ ಕಾರಣ" ಎಂದರು.

ನೋಡಿ, ಇಷ್ಟು ಹೇಳುವುದಿತ್ತು ಅವರಿಗೆ. ಎಣಿಕೆ ಕೇಳಿದವರಿಗೆ ಎಣಿಕೆಯಷ್ಟೇ ಸಿಕ್ಕಿತ್ತು.

ಆ ಮನೆಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಮೇಲೆ ಬಳಿದ ವಾರ್ನಿಷ್ ಅತಿಯಾಗಿ, ಹೊಗೆ ಹಿಡಿದು ಮಾಗಿದ್ದಿರಬೇಕಾದ ಮನೆ ಹೋಟೆಲಿನ ಟೇಬಲಿನಂತೆ ಹೊಳೆಯುತ್ತಿತ್ತು. ಅಂಗಳದಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಹಸು ಜಗಲಿಗಿಂತ ಎತ್ತರ. ಇದನ್ನೂ ಹೇಳಿದೆ. ಪಕ್ಕದಲ್ಲಿದ್ದವರು ನನ್ನ ಮುಖ ನೋಡಿದರು, ಹಬ್ಬದ ದಿನ ಹೀಗೆ ಅನ್ನಬಹುದೆ ಎಂಬಂತೆ. ಮಾಡಿದಾಕೆ ಮಾತ್ರ ಹಸುವನ್ನು ಎತ್ತಿ ಪಾರ್ಕಿನ ಕಡೆ ಇಟ್ಟು, ದೂರ ನಿಂತು ನೋಡಿ, "ಹೌದಲ್ಲ!" ಎಂದರು. ತಪ್ಪು ತೋರಿಸಿದರೆ ನೋವಾಗುತ್ತದೆಂದು ನಾವು ಹೆದರುತ್ತೇವೆ. ಯಾರೂ ಸರಿಯಾಗಿ ನೋಡದೆ ಹೊಗಳಿ ಹೋಗುವ ನೋವು ಅದಕ್ಕಿಂತ ದೊಡ್ಡದಲ್ಲವೆ?

ಕಡ್ಡಿಯ ಲೆಕ್ಕ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿ ಬೇಕಾದ ಜಾಗ ಇನ್ನೊಂದಿದೆ. 1922ರಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣ ಮಾಡುವುದನ್ನು ಕಲಿತು ಬಂದರು. ಆ ಬರಗಾಲದ ಸೀಮೆಯಲ್ಲಿ, ಸಾತ್ತೂರು, ಕೋವಿಲ್‌ಪಟ್ಟಿಗಳವರೆಗೆ ಈ ಕೈಗಾರಿಕೆ ಹಬ್ಬಿತು. ಅದರಲ್ಲಿ ದುಡಿದವರಲ್ಲಿ ಬಹುಪಾಲು ಹೆಂಗಸರು, ಎಷ್ಟೋ ವರ್ಷ ಮಕ್ಕಳೂ. ಮದ್ದಿನಲ್ಲಿ ಅದ್ದುವ ಮೊದಲು ಕಡ್ಡಿಗಳನ್ನು ಒಂದಕ್ಕೊಂದು ತಾಗದಂತೆ ಮರದ ಚೌಕಟ್ಟಿನಲ್ಲಿ ಸಾಲಾಗಿ ಸಿಕ್ಕಿಸಬೇಕು. ಕೈಕೆಲಸದ ಕಾರ್ಖಾನೆಗಳಲ್ಲಿ ಕೂಲಿ ಕೊಡುತ್ತಿದ್ದುದು ಹಾಗೆ ತುಂಬಿಸಿದ ಚೌಕಟ್ಟಿನ ಲೆಕ್ಕದ ಮೇಲೆ. ಮಕ್ಕಳನ್ನು ಇಂಥ ಅಪಾಯದ ಕೆಲಸಕ್ಕೆ ಹಚ್ಚುವುದರ ವಿರುದ್ಧ ಸುಪ್ರೀಂ ಕೋರ್ಟು ಕಟ್ಟುನಿಟ್ಟಾಗಿ ತೀರ್ಪು ಕೊಟ್ಟದ್ದು 1996ರ ಡಿಸೆಂಬರಿನಲ್ಲಿ. 2007ರಿಂದ 1 ರೂಪಾಯಿಯಾಗಿದ್ದ ಪೊಟ್ಟಣ 2 ರೂಪಾಯಿಯಾಗಲು 2021ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಅಲ್ಲಿ ಎಣಿಕೆ ಎಂದರೆ ಹೊಟ್ಟೆಯ ಪ್ರಶ್ನೆ. ಆ ಹೆಂಗಸರಿಗೂ "ನಿಮ್ಮದು ಚುರುಕು ಬೆರಳು, ಒಳ್ಳೆಯ ತಾಳ್ಮೆ" ಎಂದೇ ಹೇಳಿದ್ದಿರಬೇಕು. ಹೆಂಗಸಿನ ಕೆಲಸಕ್ಕೆ ಕೂಲಿ ಕಡಿಮೆ ಕೊಡುವಾಗ, ಬೆಲೆ ಕಡಿಮೆ ಕಟ್ಟುವಾಗ, ಮೇಲೊಂದು ಹಿಡಿ ಹೊಗಳಿಕೆಯಾಗಿ ಈ ತಾಳ್ಮೆ ಎಂಬ ಮಾತು ಬಂದು ಕೂರುತ್ತದೆ. ಬಡಗಿಗೆ ಯಾರೂ "ನಿನಗೆಷ್ಟು ತಾಳ್ಮೆಯಪ್ಪ" ಎನ್ನುವುದಿಲ್ಲ. "ಒಳ್ಳೆ ಕೆಲಸಗಾರ" ಎನ್ನುತ್ತಾರೆ.

ಆದ್ದರಿಂದ ನನ್ನ ಸಲಹೆ ಇಷ್ಟೆ. ಮಾಡಿದವರನ್ನು ಕೇಳುವುದಾದರೆ, ಇದನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿ. ಕಡ್ಡಿ ಎಲ್ಲಿ ಮಾತು ಕೇಳಲಿಲ್ಲ, ಅಲ್ಲಿ ಏನು ಮಾಡಿದಿರಿ ಎಂದು ಕೇಳಿ. ಒಳಗೆ ಏನಿದೆ ಎಂದು ಬಗ್ಗಿ ನೋಡಿ. ಮಾಡುವವರೂ "ಟೈಂಪಾಸಿಗೆ" ಎನ್ನುವುದನ್ನು ಬಿಡಬೇಕು. ಹೊತ್ತು ಕಳೆಯುವುದಕ್ಕೆ ಟೀವಿ ಇದೆ, ಮೊಬೈಲಿದೆ. ಕಣ್ಣು ಬಿರಿಯುವವರೆಗೆ ಕೂತು ಒಂದು ಸೂರಿನ ಇಳಿಜಾರು ಸರಿಮಾಡಿದವರು ಹೊತ್ತು ಕಳೆದವರಲ್ಲ.

ಜಯನಗರದ ಪಕ್ಕದಲ್ಲೇ ಲಾಲ್‌ಬಾಗ್ ಇದೆ. ಅದರ ಗಾಜಿನ ಮನೆಗೆ ಅಸ್ತಿಭಾರ ಹಾಕಿದ್ದೂ ಐಫೆಲ್ ಗೋಪುರ ಎದ್ದ 1889ರಲ್ಲೇ. ತೆಳ್ಳನೆಯ ಕಬ್ಬಿಣದ ಕಂಬ, ಕಮಾನು, ಪಟ್ಟಿಗಳ ನಡುವೆ ಗಾಜು. ಭಾರವಿಲ್ಲ, ಗೋಡೆಯಿಲ್ಲ, ಗೆರೆಗಳೇ ಕಟ್ಟಡ. ಬೆಂಕಿಕಡ್ಡಿಗೆ ಇದಕ್ಕಿಂತ ಒಪ್ಪುವ ವಸ್ತು ನಮ್ಮೂರಲ್ಲಿ ಯಾವುದಿದೆ? ಕಮಾನು ಕಷ್ಟ ಕೊಡುತ್ತದೆ; ಕೊಡಲಿ, ಚೂರು ಚೂರು ಕಡ್ಡಿಯಿಂದ ಅದನ್ನು ಬಳಸಿ ತರುವುದರಲ್ಲೇ ಜಾಣ್ಮೆಯಿದೆ. ಇಷ್ಟು ನವರಾತ್ರಿ ಕಳೆದರೂ ಅದನ್ನು ಯಾರ ಮನೆಯ ಗೊಂಬೆಯ ಬುಡದಲ್ಲೂ ನಾನು ಕಂಡಿಲ್ಲ. ಯಾರಾದರೂ ಕಟ್ಟಿದರೆ ಕುಂಕುಮಕ್ಕೆ ಕರೆಯಿರಿ, ಖಂಡಿತ ಬರುತ್ತೇನೆ. ಕಮಾನನ್ನು ಹೇಗೆ ತಿರುಗಿಸಿದಿರಿ ಎಂದು ಕೇಳುತ್ತೇನೆ. ಎಷ್ಟು ಕಡ್ಡಿ ಬೇಕಾಯ್ತು ಎಂದು ಮಾತ್ರ ಕೇಳುವುದಿಲ್ಲ.