ಗುರುವಾರದ ಪ್ರಶ್ನೆಗಳು: ಬ್ಲಾವಟ್‌ಸ್ಕಿ ಶಾಖೆಯ ಅಧ್ಯಯನಕೂಟವೂ ಸಭೆಯ ಬೋಧನೆಯೂ

ಬ್ರಹ್ಮವಿದ್ಯಾ ಸಮಾಜದ ವಿಷಯವಾಗಿ ಕ್ರೈಸ್ತರು ಬರೆದ ಹಳೆಯ ಲೇಖನಗಳನ್ನು ತೆರೆದರೆ ಬಹುಮಟ್ಟಿಗೆ ಕಣ್ಣಿಗೆ ಬೀಳುವುದು ಒಂದು ವಂಚನೆಯ ಪ್ರಕರಣ. 1884ರ ಸೆಪ್ಟೆಂಬರಿನಲ್ಲಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯು, ಅಡ್ಯಾರಿನಲ್ಲಿ ಹೆಲೆನಾ ಬ್ಲಾವಟ್‌ಸ್ಕಿಯವರ ಬಳಿ ಕೆಲಸಕ್ಕಿದ್ದ ಕೂಲೊಂಬ್ ದಂಪತಿ ಒದಗಿಸಿದ ಕಾಗದಗಳನ್ನು ಅಚ್ಚುಮಾಡಿತು. ಮಹಾತ್ಮರಿಂದ ಬಂದವೆಂದು ನಂಬಲಾಗಿದ್ದ ಪತ್ರಗಳು ಕೈಚಳಕದಿಂದ ಹುಟ್ಟಿದವೆಂಬುದು ಆ ಕಾಗದಗಳ ಸೂಚನೆ. ಮರುವರ್ಷ ಲಂಡನ್ನಿನ ಅತೀಂದ್ರಿಯ ಸಂಶೋಧನಾ ಸಂಘದ ಪರವಾಗಿ ರಿಚರ್ಡ್ ಹಾಡ್ಸನ್ ಬರೆದ ವರದಿಯು ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ನಮ್ಮ ಖಂಡನಸಾಹಿತ್ಯವು ಈ ಒಂದು ಮೊಳೆಗೆ ತನ್ನ ಅಂಗಿಯನ್ನೆಲ್ಲ ನೇತುಹಾಕಿದೆ. 1986ರಲ್ಲಿ ಅದೇ ಸಂಘದ ಪತ್ರಿಕೆಯಲ್ಲಿ ವರ್ನನ್ ಹ್ಯಾರಿಸನ್ ಎಂಬ ದಸ್ತಾವೇಜು ತಜ್ಞರು ಹಾಡ್ಸನ್ನರ ವಿಧಾನವನ್ನು ಕಟುವಾಗಿ ಟೀಕಿಸಿದರು ಎಂಬುದನ್ನು ಆ ಸಾಹಿತ್ಯವು ಹೆಚ್ಚಾಗಿ ಹೇಳುವುದಿಲ್ಲ. ಪತ್ರಗಳನ್ನು ಬರೆದವರಾರೆಂಬ ಚರ್ಚೆಯನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ವಂಚನೆಯ ಸುದ್ದಿ ಅಚ್ಚಾದ ಮೇಲೂ ಜನರು ಕೂಡಿ ಓದುವುದನ್ನು ನಿಲ್ಲಿಸಲಿಲ್ಲ. ಏಕೆ ನಿಲ್ಲಿಸಲಿಲ್ಲವೆಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ನಮ್ಮಲ್ಲೊಬ್ಬರು ಪಾಲಕರಾಗಿರುವ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಬಾಲ್ಯದಲ್ಲೇ ದೀಕ್ಷಾಸ್ನಾನ ಹೊಂದಿದವರು, ದಶಮಾಂಶ ತಪ್ಪಿಸದವರು, ಕರ್ತನ ಭೋಜನಕ್ಕೆ ಬಾರದೆ ಉಳಿದವರಲ್ಲ. ಅವರು ಕೆಲವು ವರ್ಷಗಳಿಂದ ವಾರಕ್ಕೊಂದು ಸಂಜೆ ಥಿಯಾಸಫಿ ಅಧ್ಯಯನ ವರ್ಗಕ್ಕೆ ಹೋಗುತ್ತಿದ್ದಾರೆಂದು ತಿಳಿದಾಗ ಪಾಲಕರು ಅವರ ಮನೆಗೆ ಹೋಗಿ ವಿಚಾರಿಸಿದರು. ಅವರು ಸಿಟ್ಟಾಗಲಿಲ್ಲ. “ಅಯ್ಯನವರೇ, ಅಲ್ಲಿ ನಾನು ಏನು ಕೇಳಿದರೂ ಯಾರೂ ಗಾಬರಿಯಾಗುವುದಿಲ್ಲ. ನಮ್ಮಲ್ಲಿ ಕೇಳಿದರೆ ನನ್ನ ನಂಬಿಕೆಗೆ ಏನೋ ಆಗಿದೆ ಅಂತ ಪ್ರಾರ್ಥನೆ ಮಾಡುತ್ತೀರಿ” ಎಂದರು. ಈ ಮಾತು ನಮ್ಮ ಕಿವಿಗೆ ಬಿದ್ದ ಮೇಲೆ, ಬೋಧಕರೂ ವಿದ್ಯಾರ್ಥಿಗಳೂ ಇಬ್ಬರು ಸಭಾಪಾಲಕರೂ ಸೇರಿ, ಇಂಥ ಅಧ್ಯಯನಕೂಟಗಳ ಮೂಲಮಾದರಿಯೆನ್ನಬಹುದಾದ ಒಂದು ಪುಸ್ತಕವನ್ನು ವಾರವಾರ ಕೂಡಿ ಓದಿದೆವು. ಈ ಲೇಖನವು ಆ ಓದಿನ ಫಲ.

ಪುಸ್ತಕದ ಹೆಸರು ‘ಟ್ರಾನ್ಸಾಕ್ಷನ್ಸ್ ಆಫ್ ದ ಬ್ಲಾವಟ್‌ಸ್ಕಿ ಲಾಡ್ಜ್’. 1888ರಲ್ಲಿ ‘ದ ಸೀಕ್ರೆಟ್ ಡಾಕ್ಟ್ರಿನ್’ ಎಂಬ ಬೃಹದ್ಗ್ರಂಥವು ಹೊರಬಂದಿತು. ಓದಿದವರಿಗೆ ಅರ್ಥವಾಗಲಿಲ್ಲ. ಆಗ ಲಂಡನ್ನಿನ ಶಾಖೆಯ ಸದಸ್ಯರು 1889ರ ಜನವರಿ 10ರಿಂದ ಜೂನ್ 20ರವರೆಗೆ ಗುರುವಾರಗಳಂದು ಲ್ಯಾನ್ಸ್‌ಡೌನ್ ರಸ್ತೆಯ ಮನೆಯಲ್ಲಿ ನೆರೆದು, ಗ್ರಂಥದ ಮೊದಲ ಸಂಪುಟದ ಶ್ಲೋಕಗಳನ್ನು ಒಂದೊಂದಾಗಿ ಹಿಡಿದು ಗ್ರಂಥಕರ್ತೃವನ್ನೇ ಪ್ರಶ್ನಿಸಿದರು. ಶೀಘ್ರಲಿಪಿಯಲ್ಲಿ ಬರೆದುಕೊಂಡದ್ದನ್ನು ಸಂಕ್ಷೇಪಿಸಿ 1890–91ರಲ್ಲಿ ಎರಡು ಭಾಗಗಳಾಗಿ ಅಚ್ಚಿಸಲಾಯಿತು. ಪೂರ್ಣ ವರದಿ ಬಹುಕಾಲ ಅಚ್ಚಾಗದೆ ಉಳಿದು 2010ರಲ್ಲಿ ಪ್ರತ್ಯೇಕ ಸಂಪುಟವಾಗಿ ಬಂದಿತು. ಅದರಲ್ಲಿ ಮಾತಾಡಿದವರ ಹೆಸರುಗಳಿವೆ, ಮಾತಿಗೆ ಮಾತು ಬೆಳೆಯುವ ಬಿಸಿಯಿದೆ. ಹಳೆಯ ಮುದ್ರಣದಲ್ಲಿ ಬರಿಯ ಪ್ರಶ್ನೆ, ಬರಿಯ ಉತ್ತರ; ಕೇಳಿದವನಿಗೆ ಹೆಸರಿಲ್ಲ.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚುತ್ತೇವೆ. ಇಲ್ಲಿ ಯಾರೂ ಅವಸರಪಡುವುದಿಲ್ಲ. ಒಂದು ಸಾಲಿನ ಒಂದು ಪದ, ‘ಅವಧಿ’ ಮತ್ತು ‘ಕಾಲ’ ಇವುಗಳ ವ್ಯತ್ಯಾಸ, ಪ್ರಳಯದಲ್ಲಿ ಉಳಿಯುವುದೇನು ಎಂಬ ಸಂದೇಹ, ಇವುಗಳಿಗೆ ಒಂದು ಸಂಜೆಯನ್ನೇ ಕೊಡಬಲ್ಲ ತಾಳ್ಮೆ ಇವರಲ್ಲಿದೆ. ಕೇಳುವವರು ಹಿಂದಿನ ವಾರದ ಉತ್ತರವನ್ನು ನೆನಪಿಟ್ಟು ಈ ವಾರ ಅದರ ವಿರೋಧವನ್ನು ತೋರಿಸುತ್ತಾರೆ. ಬ್ಲಾವಟ್‌ಸ್ಕಿಯವರ ಕೊನೆಯ ದಿನಗಳ ಬೋಧನೆಯೆಂದು ರಾಬರ್ಟ್ ಬೋವೆನ್ ಬರೆದಿಟ್ಟ ಟಿಪ್ಪಣಿಗಳು 1932ರಲ್ಲಿ ಬೆಳಕಿಗೆ ಬಂದವು. ಗ್ರಂಥವನ್ನು ಪುಟದಿಂದ ಪುಟಕ್ಕೆ ಉರುಹೊಡೆಯಬಾರದು, ಅದು ಸತ್ಯದ ಕೊನೆಯ ಮಾತಲ್ಲ, ಸತ್ಯದ ಕಡೆಗೆ ನಡೆಸುವುದಷ್ಟೇ ಅದರ ಕೆಲಸ ಎಂಬ ಸಲಹೆ ಅಲ್ಲಿದೆ. ನಮ್ಮ ಸತ್ಯವೇದ ಅಧ್ಯಯನಕೂಟಗಳಲ್ಲಿ ಒಂದು ಅಧ್ಯಾಯವನ್ನು ಓದಿ, ಪಾಲಕರು ಮೂರು ಅಂಶಗಳನ್ನು ಹೇಳಿ, ಚಹಾಕ್ಕೆ ಎದ್ದುಹೋಗುವ ಪದ್ಧತಿಯನ್ನು ಬಲ್ಲವರು ಈ ಪುಟಗಳ ಮುಂದೆ ಸ್ವಲ್ಪ ನಾಚಿಕೊಳ್ಳಬೇಕಾಗುತ್ತದೆ.

ಆದರೆ ಕೆಲವು ವಾರಗಳ ಓದಿನ ನಂತರ ನಮಗೆ ಒಂದು ಆಯಾಸ ಕಾಣಿಸಿತು. ಗ್ರಹಗಳ ಸರಪಣಿ, ತತ್ತ್ವಗಳ ಏಳು ಪದರ ಇವುಗಳ ಭಾರವಷ್ಟೇ ಇದಕ್ಕೆ ಕಾರಣವಲ್ಲ. ಈ ಕೂಟದಲ್ಲಿ ಪ್ರಶ್ನೆಗಳು ಯಾವಾಗಲೂ ಒಂದೇ ದಿಕ್ಕಿಗೆ ಹೋಗುತ್ತವೆ. ಉತ್ತರವನ್ನು ತೂಗಿನೋಡಲು ಕೇಳುವವನ ಬಳಿ ಯಾವ ತಕ್ಕಡಿಯೂ ಇಲ್ಲ. ಶ್ಲೋಕಗಳ ಮೂಲವನ್ನು ಅವನು ಕಂಡಿಲ್ಲ, ಕಾಣುವಂತೆಯೂ ಇಲ್ಲ. ಸತ್ಯವೇದದ ಕೂಟದಲ್ಲಿ ಅತಿ ಕಡಿಮೆ ಓದಿದ ಅಜ್ಜಿಯೂ “ಅಯ್ಯನವರೇ, ಇಲ್ಲಿ ಹಾಗೆ ಬರೆದಿಲ್ಲವಲ್ಲ” ಎಂದು ಬೆರಳಿಟ್ಟು ತೋರಿಸಬಲ್ಲಳು. ಲ್ಯಾನ್ಸ್‌ಡೌನ್ ರಸ್ತೆಯ ಮನೆಯಲ್ಲಿ ಹಾಗೆ ಬೆರಳಿಡಲು ಸ್ಥಳವಿರಲಿಲ್ಲ.

ಇದರ ಹಿಂದೆ ಒಂದು ವ್ಯವಸ್ಥೆಯೇ ಇದೆ. ಈ ಗುರುವಾರಗಳು ಆರಂಭವಾಗುವ ಮೊದಲೇ, 1888ರ ಅಕ್ಟೋಬರಿನಲ್ಲಿ, ಸಮಾಜದೊಳಗೆ ಅಂತರಂಗ ವಿಭಾಗವೊಂದು ಸ್ಥಾಪಿತವಾಗಿತ್ತು. ಅದನ್ನು ಸೇರುವವರು ಪ್ರತಿಜ್ಞೆ ಮಾಡಬೇಕು, ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು. 1890ರಲ್ಲಿ ಆ ವಿಭಾಗದೊಳಗೂ ಹನ್ನೆರಡು ಮಂದಿಯ ಇನ್ನೊಂದು ಒಳಗುಂಪು ಏರ್ಪಟ್ಟಿತು. ಆದುದರಿಂದ ಗುರುವಾರ ಪ್ರಶ್ನೆ ಕೇಳುತ್ತಿದ್ದವನಿಗೆ ತಾನು ಕುಳಿತ ಕೋಣೆಯ ಆಚೆ ಇನ್ನೊಂದು ಕೋಣೆಯಿದೆಯೆಂದು ಗೊತ್ತಿತ್ತು. ಉತ್ತರ ಅಪೂರ್ಣವೆನಿಸಿದಾಗ ಅವನು ‘ಇದು ಸರಿಯಲ್ಲ’ ಎನ್ನುವ ಬದಲು ‘ನಾನಿನ್ನೂ ಅರ್ಹನಲ್ಲ’ ಎಂದುಕೊಳ್ಳುತ್ತಾನೆ. ಗೂಢಬೋಧೆಯ ನಿಜವಾದ ಅಪಾಯ ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಆನಿ ಬೆಸೆಂಟರ ಉತ್ತರ ಸಿದ್ಧವಾಗಿದೆ. 1901ರ ‘ಎಸೊಟೆರಿಕ್ ಕ್ರಿಶ್ಚಿಯಾನಿಟಿ’ಯಲ್ಲಿ ಅವರು ಆದಿಸಭೆಗೂ ಇಂಥದೇ ಒಳಕೋಣೆಯಿತ್ತೆಂದು ವಾದಿಸುತ್ತಾರೆ, ಅಲೆಕ್ಸಾಂಡ್ರಿಯದ ಕ್ಲೆಮೆಂಟನನ್ನೂ ಒರಿಗೆನನನ್ನೂ ಸಾಕ್ಷಿಗೆ ಕರೆಯುತ್ತಾರೆ, ಹೊರಗಿನವರಿಗೆ ಎಲ್ಲವೂ ಸಾಮ್ಯಗಳಲ್ಲಿ, ಶಿಷ್ಯರಿಗೆ ರಾಜ್ಯದ ಗುಟ್ಟು ಎಂಬ ಮಾರ್ಕ 4:11ನ್ನು ಎತ್ತಿ ತೋರಿಸುತ್ತಾರೆ. ಈ ವಾದವನ್ನು ನಕ್ಕು ತಳ್ಳಿಹಾಕುವವರು ತಮ್ಮ ಸಭಾಚರಿತ್ರೆಯನ್ನು ಓದಿಲ್ಲ. ನಾಲ್ಕನೆಯ ಶತಮಾನದಲ್ಲಿ ದೀಕ್ಷಾರ್ಥಿಗಳನ್ನು ಭೋಜನವಿಧಿಗೆ ಮೊದಲೇ ಹೊರಗೆ ಕಳುಹಿಸುತ್ತಿದ್ದುದು ನಿಜ. ಯೆರೂಸಲೇಮಿನ ಸಿರಿಲ್ಲನ ಹೆಸರಿನ ಉಪನ್ಯಾಸಗಳು ಸಂಸ್ಕಾರಗಳ ಅರ್ಥವನ್ನು ದೀಕ್ಷಾಸ್ನಾನವಾದ ಮೇಲೆಯೇ ಬಿಡಿಸಿ ಹೇಳುತ್ತವೆ. ಆದರೆ ಆ ಬಾಗಿಲು ದೀಕ್ಷಾಸ್ನಾನ ಪಡೆದ ದಾಸನಿಗೂ ಒಡೆಯನಿಗೂ ಒಂದೇ ರಾತ್ರಿ ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿರಲಿಲ್ಲ. ಒರಿಗೆನನೂ ಬೆಸೆಂಟರು ಎತ್ತಿಕೊಂಡ ಮಾತಿಗೆ ಮುಂಚೆ ಇನ್ನೊಂದನ್ನು ಹೇಳಿದ್ದಾನೆ. ಕ್ರೈಸ್ತರದು ರಹಸ್ಯಮತವೆಂದು ಕೆಲ್ಸಸ್ ದೂರಿದಾಗ, ಯೇಸುವಿನ ಜನನ, ಶಿಲುಬೆಮರಣ, ಪುನರುತ್ಥಾನ ಇವು ಲೋಕಕ್ಕೆಲ್ಲ ತಿಳಿದಿರುವಾಗ ರಹಸ್ಯವೆಲ್ಲಿಯದು ಎಂದು ಅವನು ಮೊದಲು ಕೇಳುತ್ತಾನೆ. ಆಳವಾದ ಬೋಧನೆ ಅವನಲ್ಲಿ ಉಂಟು, ಆದರೆ ರಕ್ಷಣೆಯು ಅದರ ಹಿಂದೆ ಬಚ್ಚಿಟ್ಟುಕೊಂಡಿಲ್ಲ.

ಮಾರ್ಕನನ್ನೂ ಅವನ ಅಧ್ಯಾಯದೊಳಗೇ ಇಟ್ಟು ಓದಬೇಕು. ಗುಟ್ಟು ಸಿಕ್ಕಿದ ಶಿಷ್ಯರೇ ಎರಡು ವಚನಗಳಾಚೆ ಸಾಮ್ಯವನ್ನು ತಿಳಿಯದೆ ಗದರಿಕೆ ಕೇಳುತ್ತಾರೆ. ಎಂಟನೆಯ ಅಧ್ಯಾಯದಲ್ಲಿ ಕಣ್ಣಿದ್ದೂ ಕಾಣದವರು ಅವರೇ. ದೀಪವನ್ನು ಕೊಳಗದ ಕೆಳಗೆ ಇಡುವುದಿಲ್ಲ, ಮುಚ್ಚಿಟ್ಟದ್ದು ಬೆಳಕಿಗೆ ಬರುವುದಕ್ಕಾಗಿಯೇ ಎಂಬ ಮಾತು ಬರುವುದೂ ಇದೇ ನಾಲ್ಕನೆಯ ಅಧ್ಯಾಯದ ಇಪ್ಪತ್ತೆರಡನೆಯ ವಚನದ ಸುತ್ತ. ಮಾರ್ಕನಲ್ಲಿ ಒಳಗಿನವರು ತಿಳಿದವರಲ್ಲ. ಬಿಟ್ಟುಹೋಗದೆ ಕೇಳುತ್ತ ನಿಂತವರು. ಅಪೊಸ್ತಲರು ಗುಪ್ತವಾದುದೇನನ್ನಾದರೂ ಬಲ್ಲವರಾಗಿದ್ದರೆ ತಾವು ಸಭೆಗಳನ್ನೇ ಒಪ್ಪಿಸಿಕೊಟ್ಟವರಿಗೆ ಅದನ್ನು ಮೊದಲು ಒಪ್ಪಿಸುತ್ತಿದ್ದರು ಎಂದು ಎರಡನೆಯ ಶತಮಾನದ ಕೊನೆಯಲ್ಲಿ ಐರೇನಿಯಸನು ಹೂಡಿದ ವಾದ ಇಂದಿಗೂ ಸವೆದಿಲ್ಲ.

ಕರ್ಮ ಮತ್ತು ಕ್ಷಮೆಯ ವಿಷಯದಲ್ಲಿ ನಮ್ಮ ಭಿನ್ನಾಭಿಪ್ರಾಯ ಇನ್ನೂ ತೀಕ್ಷ್ಣವಾದುದು. ಅದನ್ನು 1889ರ ‘ದ ಕೀ ಟು ಥಿಯಾಸಫಿ’ಯಲ್ಲಿ ನೋಡಬೇಕು. ಜಿಜ್ಞಾಸುವಿಗೂ ಥಿಯಾಸಫಿಸ್ಟನಿಗೂ ನಡೆಯುವ ಸಂವಾದರೂಪದ ಈ ಗ್ರಂಥವು ಬೇಡುವ ಪ್ರಾರ್ಥನೆಯನ್ನು ಸ್ವಾವಲಂಬನೆಯ ಶತ್ರುವೆಂದು ನಿರಾಕರಿಸುತ್ತದೆ, ಪರಾರ್ಥ ಪ್ರಾಯಶ್ಚಿತ್ತವನ್ನು ಅನೀತಿಯೆನ್ನುತ್ತದೆ. ಅದರ ಅತ್ಯಂತ ಬಲವಾದ ಆಕ್ಷೇಪ ಇದು: ಅಪರಾಧಿಗೆ ಕ್ಷಮೆ ಸಿಕ್ಕಿತು ಸರಿ, ಅವನ ಕೈಯಲ್ಲಿ ಹಾಳಾದವರ ಗತಿಯೇನು? ಈ ಪ್ರಶ್ನೆಗೆ ನಮ್ಮ ಪ್ರಸಂಗಪೀಠಗಳಿಂದ ಅಗ್ಗದ ಉತ್ತರಗಳು ಹೊರಟಿವೆ. ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನವೇ ಅವನು ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವ ಮಾತಾಡಿದನೆಂಬುದನ್ನು ನಾವು ಮರೆತಾಗಲೆಲ್ಲ ಬ್ಲಾವಟ್‌ಸ್ಕಿಯವರ ಆಕ್ಷೇಪ ಗೆದ್ದಿದೆ. ಕ್ಷಮೆಯು ಲೆಕ್ಕವನ್ನು ಹರಿದುಹಾಕುವುದಲ್ಲ. ಹಾಳಾದವರ ಸಾಲಿನಲ್ಲಿ ತಾನೇ ತೂಗುಹಾಕಲ್ಪಟ್ಟವನು ಆ ಲೆಕ್ಕವನ್ನು ತನ್ನ ಕೈಗೆ ತೆಗೆದುಕೊಳ್ಳುವುದು. ಮತ್ತೊಂದು ಕಡೆ, ಕರ್ಮನಿಯಮವನ್ನು ಹಿಡಿದವರಿಗೂ ಅನ್ಯಾಯದ ನೋವು ತೊಡಕೇ. ಮನುಷ್ಯರು ತಾವು ಗಳಿಸದ ದುಃಖವನ್ನೂ ಅನುಭವಿಸುತ್ತಾರೆಂದು ಅದೇ ಗ್ರಂಥ ಒಪ್ಪುತ್ತದೆ, ಅದಕ್ಕೆ ಮರಣಾನಂತರದ ದೇವಚನದಲ್ಲಿ ವಿಶ್ರಾಂತಿಯ ಪರಿಹಾರ ಹೇಳುತ್ತದೆ. ಥಿಯಾಸಫಿಯಲ್ಲಿ ಕನಿಕರಕ್ಕೆ ಸ್ಥಳವಿಲ್ಲವೆಂದು ಬರೆದ ನಮ್ಮವರು ಈ ಭಾಗವನ್ನು ಓದಿರಲಾರರು. ಆದರೂ ವಿಶ್ರಾಂತಿ ಕೊಡುವ ನಿಯಮಕ್ಕೂ, ಕಣ್ಣೀರು ಒರಸುವ ಕೈಗೂ ಅಂತರವಿದೆ. ನಿಯಮವನ್ನು ಯಾರೂ ಹೆಸರು ಹಿಡಿದು ಕೂಗಲಾರರು.

ಫಲದಿಂದ ಮರವನ್ನು ತಿಳಿಯಬೇಕೆಂಬವರು ಫಲವನ್ನೂ ಪ್ರಾಮಾಣಿಕವಾಗಿ ಎಣಿಸಲಿ. 1894ರಲ್ಲಿ ಆಲ್ಕಾಟ್ ಮದರಾಸಿನಲ್ಲಿ ಪಂಚಮರ ಮಕ್ಕಳಿಗೆ ಉಚಿತ ಶಾಲೆ ತೆರೆದರು. 1918ರಲ್ಲಿ ಮದ್ರಾಸ್ ಕಾರ್ಮಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ಪಿ. ವಾಡಿಯಾ ಥಿಯಾಸಫಿಸ್ಟರು. ಅವರು 1922ರಲ್ಲಿ ಅಡ್ಯಾರಿನ ಸಮಾಜವನ್ನು ಬಿಟ್ಟು, ಪದಾಧಿಕಾರಿಗಳಿಲ್ಲದ, ಬರೆದವರ ಹೆಸರು ಮುಂದಿಡದ ಯುನೈಟೆಡ್ ಲಾಡ್ಜನ್ನು ಸೇರಿದರು. 1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ವಿಶ್ವಸಂಸ್ಕೃತಿ ಸಂಸ್ಥೆಯನ್ನು ಸ್ಥಾಪಿಸಿದರು. ಒಳಕೋಣೆಯ ಅಧಿಕಾರದಿಂದ ಬೇಸತ್ತವರು ಥಿಯಾಸಫಿಯೊಳಗೇ ಇದ್ದರೆಂಬುದಕ್ಕೆ ಈ ಹೆಜ್ಜೆಯೂ, 1929ರಲ್ಲಿ ಕೃಷ್ಣಮೂರ್ತಿಯವರು ತಮಗಾಗಿ ಕಟ್ಟಿದ್ದ ನಕ್ಷತ್ರಸಂಘವನ್ನು ತಾವೇ ವಿಸರ್ಜಿಸಿದ್ದೂ ಸಾಕ್ಷಿ.

ಇಷ್ಟು ಬರೆದ ಮೇಲೆ ನಮ್ಮ ಸ್ವಂತ ಮನೆಯ ಕಡೆಗೆ ತಿರುಗದಿದ್ದರೆ ಆ ಶಿಕ್ಷಕರಿಗೆ ಅನ್ಯಾಯವಾದೀತು. ಅವರ ಪ್ರಶ್ನೆಗಳು ಯಾವುವೆಂದು ನಾವು ಆಮೇಲೆ ಕೇಳಿ ತಿಳಿದೆವು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳನ್ನು ತಮ್ಮ ಸತ್ಯವೇದದಲ್ಲಿ ಕಂಸದೊಳಗೆ ಏಕೆ ಹಾಕಿದ್ದಾರೆ? ಆದಿಕಾಂಡದಲ್ಲಿ ಸೃಷ್ಟಿಯ ಕಥೆ ಎರಡು ಸಲ, ಎರಡು ಕ್ರಮದಲ್ಲಿ ಏಕಿದೆ? ಸುವಾರ್ತೆಯನ್ನು ಕೇಳದೆ ಸತ್ತ ತಮ್ಮ ಮುತ್ತಜ್ಜ ಎಲ್ಲಿದ್ದಾರೆ? ಇವುಗಳಲ್ಲಿ ಮೊದಲೆರಡನ್ನು ನಮ್ಮ ವಿದ್ಯಾರ್ಥಿಗಳು ಮೊದಲನೆಯ ವರ್ಷದಲ್ಲೇ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಪದವಿ ಪಡೆದು ಸಭೆಗೆ ಹೋದ ದಿನ ಆ ಟಿಪ್ಪಣಿಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಜನರು ಎಡವಿಬಿದ್ದಾರೆಂಬ ಭಯ ನಮಗೆ. ಪ್ರತಿಜ್ಞೆಯಿಲ್ಲ, ಮಂತ್ರವಿಲ್ಲ, ಆದರೂ ಇದೊಂದು ಅಂತರಂಗ ವಿಭಾಗವಲ್ಲದೆ ಮತ್ತೇನು? ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಪೌಲನು ತಾನು ಹಿತವಾದುದೊಂದನ್ನೂ ಮುಚ್ಚಿಡದೆ ಬಹಿರಂಗವಾಗಿಯೂ ಮನೆಮನೆಯಲ್ಲಿಯೂ ಬೋಧಿಸಿದೆನೆಂದು ಹೇಳಬಲ್ಲವನಾಗಿದ್ದನು.

ಥಿಯಾಸಫಿ ವರ್ಗಕ್ಕೆ ಹೋಗುವುದನ್ನು ನಿಲ್ಲಿಸಿರೆಂದು ಪಾಲಕರು ಅವರಿಗೆ ಹೇಳಬೇಕೇ ಎಂಬುದರಲ್ಲಿ ನಮ್ಮೊಳಗೆ ಒಮ್ಮತವಾಗಲಿಲ್ಲ. ಹೇಳಲೇಬೇಕೆಂಬವರು ನಮ್ಮಲ್ಲಿ ಮೂವರಿದ್ದಾರೆ, ಅವರ ವಾದವೂ ಹಗುರವಲ್ಲ: ಕ್ರಿಸ್ತನನ್ನು ಮಹಾತ್ಮರ ಸಾಲಿನಲ್ಲೊಬ್ಬನನ್ನಾಗಿ ಇಡುವ ಬೋಧನೆಯನ್ನು ವಾರವಾರ ಕೇಳುತ್ತ ಭೋಜನಕ್ಕೆ ಬರುವುದು ಎಷ್ಟು ಕಾಲ ಸಾಧ್ಯ? ಸದ್ಯಕ್ಕೆ ಆಗಿರುವುದು ಇಷ್ಟು. ಆ ಸಭೆಯಲ್ಲಿ ತಿಂಗಳಿಗೆರಡು ಗುರುವಾರ ಪ್ರಶ್ನೆಗಳ ಕೂಟ ನಡೆಯುತ್ತಿದೆ. ಪ್ರಶ್ನೆ ಕೇಳಿದವರಿಗಾಗಿ ಆ ಸಂಜೆ ಯಾರೂ ಪ್ರಾರ್ಥನೆ ಮಾಡಬಾರದೆಂಬ ನಿಯಮವನ್ನು ಪಾಲಕರು ನಗುತ್ತಲೇ ಹಾಕಿದರು. ಮೊದಲ ಸಂಜೆ ಮಾರ್ಕನ ಕೊನೆಯ ಅಧ್ಯಾಯವನ್ನು ತೆಗೆದುಕೊಂಡರು. ಶಿಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹೆಂಗಸರು ಭಯಪಟ್ಟು ಯಾರಿಗೂ ಏನೂ ಹೇಳಲಿಲ್ಲವೆಂಬಲ್ಲಿಗೆ ಹಳೆಯ ಪ್ರತಿಗಳು ಮುಗಿಯುತ್ತವೆಂದು ತಿಳಿದಾಗ ಅವರು ತಮ್ಮ ಸತ್ಯವೇದದ ಆ ಕಂಸದ ಗುರುತನ್ನು ಬಹಳ ಹೊತ್ತು ನೋಡುತ್ತಿದ್ದರಂತೆ. ಮುತ್ತಜ್ಜನ ಪ್ರಶ್ನೆ ಮುಂದಿನ ತಿಂಗಳಿಗೆ ಇದೆ.