ಮೈಸೂರಿನ ರಾಜಪತ್ನಿಯರೂ ಎರಡು ಸಾಂಗತ್ಯಗಳೂ

ಇಂಗ್ಲೆಂಡಿನ ರಾಜಪತ್ನಿಯರ ಚರಿತ್ರೆಗಳನ್ನು ಆಗ್ನೆಸ್ ಸ್ಟ್ರಿಕ್‌ಲೆಂಡ್ ಎಂಬ ವಿದುಷಿಯು ಸೋದರಿಯ ನೆರವಿನಿಂದ ಬರೆದು, 1840ರಿಂದ 1848ರೊಳಗೆ 12 ಸಂಪುಟಗಳಲ್ಲಿ ಪ್ರಕಟಿಸಿದಳು. ಮೈಸೂರಿನ ಕಡೆಗೆ ತಿರುಗಿದರೆ 1916 ಮತ್ತು 1922ರಲ್ಲಿ ಎರಡು ಭಾಗಗಳಾಗಿ ಅಚ್ಚಾದ 'ಶ್ರೀಮನ್ಮಹಾರಾಜರವರ ವಂಶಾವಳಿ'ಯು ಹೆಸರೇ ಹೇಳುವಂತೆ ಅರಸರ ಪರಂಪರೆಯನ್ನು ನಿರೂಪಿಸತಕ್ಕದ್ದು. ರಾಣಿಯರ ಪ್ರಸ್ತಾಪವು ಅಲ್ಲಿ ಆನುಷಂಗಿಕವಾದುದು.

ಇತಿಹಾಸವು ಇವರಲ್ಲಿ ಯಾರನ್ನು ವಿಸ್ತರಿಸಿ ನೆನೆಯುತ್ತದೆಂಬುದು ವಿಚಾರಾರ್ಹವಾಗಿದೆ. 1732ರಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಗತಿಸಿದಮೇಲೆ ದತ್ತಸ್ವೀಕಾರದಿಂದ ವಂಶವನ್ನು ನಿಲ್ಲಿಸಿದ ದೇವಾಜಮ್ಮಣ್ಣಿ. 1766ರಲ್ಲಿ ಇಮ್ಮಡಿ ಕೃಷ್ಣರಾಜರನ್ನು ಕಳೆದುಕೊಂಡು, 1782ರಲ್ಲಿ ಇಂಗ್ಲಿಷರೊಡನೆ ಒಡಂಬಡಿಕೆ ಮಾಡಿಸಿ, ಕಡೆಗೆ 1799ರಲ್ಲಿ ಐದರ ಬಾಲಕರಾದ ಮುಮ್ಮಡಿ ಕೃಷ್ಣರಾಜರನ್ನು ಸಿಂಹಾಸನದ ಮೇಲೆ ಕಂಡ ಲಕ್ಷ್ಮಮ್ಮಣ್ಣಿ. 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯಭಾರ ನಡೆಸಿದ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಮೂವರೂ ಪತಿವಿಯೋಗದ ಅನಂತರವೇ ಇತಿಹಾಸದ ಕಣ್ಣಿಗೆ ಬಿದ್ದವರು. ಅರಸನು ಬಾಳಿರುವಾಗ ಅರಸಿಯ ಬಾಳು ಎಂತಹುದೆಂಬ ಪ್ರಶ್ನೆಗೆ ಶಾಸನವೂ ಬಖೈರೂ ಬಹುಮಟ್ಟಿಗೆ ಮೌನ ತಾಳುವುವು. ಆ ಮೌನವನ್ನು ಸ್ವಲ್ಪಮಟ್ಟಿಗೆ ಮುರಿಯುವುದು ಕಾವ್ಯ.

ಚಿಕ್ಕದೇವರಾಜ ಒಡೆಯರ (1673–1704) ರಾಣಿ ದೇವಾಜಮ್ಮಣ್ಣಿಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮನು ರಚಿಸಿದ 'ಹದಿಬದೆಯ ಧರ್ಮ'ವು ಮೊದಲನೆಯದು. (ಈ ದೇವಾಜಮ್ಮಣ್ಣಿಯು ಮೇಲೆ ಹೇಳಿದವಳಲ್ಲ. ಒಂದೇ ಹೆಸರು ಈ ಮನೆತನದಲ್ಲಿ ಮತ್ತೆ ಮತ್ತೆ ಬರುವುದರಿಂದ ಪಾಠಹೇಳುವವರು ಎಚ್ಚರದಿಂದಿರಬೇಕು.) ಹದಿಬದೆಯೆಂದರೆ ಪತಿವ್ರತೆ. ಸ್ಮೃತಿಪುರಾಣಗಳ ಸ್ತ್ರೀಧರ್ಮವನ್ನೇ ಕವಯಿತ್ರಿಯು ತಿಳಿಗನ್ನಡದಲ್ಲಿ ಹೇಳಿದ್ದಾಳೆ. ಆದುದರಿಂದ ಇದನ್ನು ಬರಿಯ ಉಪದೇಶವೆಂದು ತಳ್ಳುವವರುಂಟು. ಆದರೆ ಹೆಣ್ಣುಮಗುವನ್ನು ಕೀಳೆಣಿಸುವ ಲೋಕರೂಢಿಯನ್ನು ಆಕ್ಷೇಪಿಸುವಲ್ಲಿ ಅವಳ ಮಾತು ಸ್ಮೃತಿಯ ಅನುವಾದವಲ್ಲ, ಸ್ವಂತದ್ದು. ವಿಧೇಯತೆಯನ್ನು ಬೋಧಿಸುವ ಗ್ರಂಥದ ನಡುವೆ ಈ ಆಕ್ಷೇಪವು ಒಬ್ಬ ಊಳಿಗದವಳಿಂದ, ರಾಣಿಯ ಸಮ್ಮುಖದಲ್ಲಿ, ಹೊರಟಿತೆಂಬುದನ್ನು ಗಮನಿಸಿದರೆ, ಆ ಅಂತಃಪುರದಲ್ಲಿ ಇಂತಹ ಮಾತಿಗೆ ಕಿವಿಯಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

ಎರಡನೆಯದಾದ 'ವರನಂದಿ ಕಲ್ಯಾಣ'ವು ಇನ್ನೂ ಕುತೂಹಲಕರವಾದುದು. ಇದರ ಕರ್ತೃ ಚೆಲುವಾಂಬೆಯು ದೊಡ್ಡ ಕೃಷ್ಣರಾಜರ (1714–1732) ಪತ್ನಿಯರಲ್ಲೊಬ್ಬಳು. ಆಶ್ರಯವಿತ್ತವಳಲ್ಲ, ತಾನೇ ಕವಿ. ದಿಲ್ಲಿಯ ಬಾದಶಹನ ಮಗಳು ಮೇಲುಕೋಟೆಯ ಚೆಲುವರಾಯನನ್ನು ವರಿಸಿದಳೆಂಬ ಕ್ಷೇತ್ರದ ಐತಿಹ್ಯವೇ ಕಥಾವಸ್ತು. ಐತಿಹ್ಯವು ಈ ಪ್ರಸಂಗವನ್ನು ರಾಮಾನುಜಾಚಾರ್ಯರ ಕಾಲಕ್ಕೆ ಸೇರಿಸುವುದು; ದಿಲ್ಲಿಯ ಸುಲ್ತಾನರ ಆಳ್ವಿಕೆ ಆರಂಭವಾದುದೋ 1206ರಲ್ಲಿ. ಕಾಲವಿರೋಧವು ಸ್ಪಷ್ಟ. ಆದರೆ ಕಾವ್ಯವನ್ನು ಪಂಚಾಂಗದಿಂದ ಅಳೆಯುವುದು ತರವಲ್ಲ.

ಬಹುಪತ್ನಿಯರುಳ್ಳ ಮನೆಗೆ ಹೊಸ ವಧುವು ಬರುವ ಕಥೆ ಸಂಸ್ಕೃತದಲ್ಲಿ ನಾಟಿಕೆಯ ಸೊತ್ತು. ಹಿರಿಯ ದೇವಿಯು ಹೆಜ್ಜೆಹೆಜ್ಜೆಗೂ ಮಾನವತಿ, ಅವಳು ಒಪ್ಪಿದಲ್ಲದೆ ಸಮಾಗಮವಿಲ್ಲ ಎಂಬುದು ಲಕ್ಷಣಕಾರರ ಮತ. 'ರತ್ನಾವಳಿ'ಯಲ್ಲಿ ಸಾಗರಿಕೆಯ ಕೈಯನ್ನು ಉದಯನನಿಗೆ ಒಪ್ಪಿಸುವವಳು ವಾಸವದತ್ತೆಯೇ. ಆ ನಾಟಿಕೆಯನ್ನು ಚಿಕ್ಕದೇವರಾಜರ ಆಸ್ಥಾನದ ಸಿಂಗರಾರ್ಯನು 'ಮಿತ್ರವಿಂದಾಗೋವಿಂದ'ವೆಂದು ಕನ್ನಡಕ್ಕೆ ತಂದಿದ್ದನು. ಅಲ್ಲಿ ಸವತಿಯ ಕೋಪವು ನೋಡುವವರಿಗೆ ವಿನೋದ. ಅದೇ ಅರಮನೆಯಲ್ಲಿ ಒಂದು ತಲೆಮಾರಿನ ತರುವಾಯ, ಸವತಿಯರ ನಡುವೆ ಬಾಳಿದ ರಾಣಿಯೊಬ್ಬಳು ಲೇಖನಿ ಹಿಡಿದಾಗ ಕಾವ್ಯದ ನಡುವೆ ನಿಲ್ಲಿಸಿದುದು ಹೊರಗಿನಿಂದ ಬರುವ ವಧುವನ್ನು. ಆಕೆಗೆ ಕೊಟ್ಟ ಪೂರ್ವಜನ್ಮವಾದರೂ ರುಕ್ಮಿಣಿಯದಲ್ಲ, ಸತ್ಯಭಾಮೆಯದು. ಪಾರಿಜಾತಕ್ಕಾಗಿ ಮುನಿದವಳದು, ಪತಿಯಲ್ಲಿ ತನ್ನ ಪಾಲನ್ನು ಕೇಳಿ ಪಡೆದವಳದು. ಈ ಆಯ್ಕೆಯು ಆಕಸ್ಮಿಕವೆಂದು ತೋರುವುದಿಲ್ಲ.

ಸಾಂಗತ್ಯದ ಬಂಧವೂ ಇದಕ್ಕೆ ಅನುಕೂಲಿಸಿದೆ. ಮೊದಲ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ವಿಷ್ಣುಗಣ, ಉಳಿದವುಗಳಲ್ಲಿ ಎರಡು ವಿಷ್ಣುಗಣಗಳೂ ಒಂದು ಬ್ರಹ್ಮಗಣವೂ: ಹಾಡುವುದಕ್ಕೆ ಹದವಾದ, ಪಾಂಡಿತ್ಯದ ಭಾರವನ್ನು ಬೇಡದ ಅಳತೆ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ತುರುಕರ ಕನ್ಯೆಯು ತನ್ನ ಒಲವಿನ ಬಲದಿಂದಲೇ ದೇವರ ಮನೆಯನ್ನು ಹೊಗಬಹುದೆಂದು ಕವಯಿತ್ರಿಯು ಧೈರ್ಯವಾಗಿ ನಂಬಲಿಲ್ಲ. ಜನ್ಮಾಂತರದ ಅಧಿಕಾರಪತ್ರವನ್ನು ಅವಳ ಕೈಗೆ ಕೊಟ್ಟಳು. ಸತ್ಯಭಾಮೆಯೆಂದು ತಿಳಿದಮೇಲೆ ಅವಳು ಹೊರಗಿನವಳಾಗಿ ಉಳಿಯುವುದೆಂತು? ಕಥೆಯ ಬಿಗಿ ಇಲ್ಲಿ ಸಡಿಲವಾಗುವುದು. ಮೇಲುಕೋಟೆಯ ಭಕ್ತರಾದರೋ ಈ ಅಧಿಕಾರಪತ್ರವನ್ನು ಕೇಳಲಿಲ್ಲ. ಸ್ವಾಮಿಯ ಪಾದಮೂಲದಲ್ಲಿರುವ ಆ ಕನ್ಯೆಯ ಮೂರ್ತಿಯನ್ನು ಅವರು ಇಂದಿಗೂ ಬೀಬಿ ನಾಚ್ಚಿಯಾರೆಂದೇ ಕರೆಯುತ್ತಾರೆ.