ಕೊನೆಯ ಕಲ್ಲು ಯಾರ ಕೈಯಲ್ಲಿ?

ಪುರುಷರ ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್‌ನ ಪಂದ್ಯವನ್ನು ಮೊದಲ ಸಲ ನೋಡಲು ಕೂತವರಿಗೆ ಅರ್ಧ ಗಂಟೆಯೊಳಗೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಒಂದು ತಂಡಕ್ಕೆ ಒಂದು ಅಂಕ ಸಿಗುತ್ತದೆ. ಅಂಕ ಪಡೆದವರ ಮುಖದಲ್ಲಿ ಗೆಲುವಿಲ್ಲ. ಏನೋ ಗೊಣಗಿಕೊಂಡು ಕಲ್ಲುಗಳನ್ನು ಪಕ್ಕಕ್ಕೆ ತಳ್ಳುತ್ತಾರೆ. ಅಂಕ ಬಿಟ್ಟುಕೊಟ್ಟವರು ಮಾತ್ರ ಒಬ್ಬರ ಬ್ರಷ್‌ಗೆ ಇನ್ನೊಬ್ಬರು ಬ್ರಷ್ ತಾಗಿಸಿ ನಗುತ್ತ ಆ ತುದಿಗೆ ಹೊರಡುತ್ತಾರೆ. ಇದೇಕೆ ಹೀಗೆ ಎಂಬುದು ಹೊಳೆಯಿತೆಂದರೆ ಈ ಆಟ ನಿಮ್ಮ ಕೈವಶವಾಯಿತೆಂದೇ ಲೆಕ್ಕ. ಹೊಳೆಯುವ ತನಕ ಅದು ನಾಲ್ಕು ಗಂಡಸರು ಕಿರುಚಾಡುತ್ತ ಐಸ್ ಉಜ್ಜುವ ತಮಾಷೆ, ಅಷ್ಟೇ.

ಆಟದ ಕಟ್ಟಳೆಗಳನ್ನು ಬೇಗ ಮುಗಿಸೋಣ. ಸುಮಾರು 45 ಮೀಟರ್ ಉದ್ದದ, 5 ಮೀಟರ್ ಅಗಲ ಮೀರದ ಐಸ್ ಪಟ್ಟಿ. ಎರಡೂ ತುದಿಗಳಲ್ಲಿ ಒಂದರೊಳಗೊಂದು ಬಣ್ಣದ ವೃತ್ತಗಳಿವೆ. ಇವೆಲ್ಲ ಸೇರಿ ‘ಹೌಸ್’. ಅದರ ಅಡ್ಡಳತೆ 12 ಅಡಿ. ನಟ್ಟನಡುವೆ ಇರುವುದು ‘ಬಟನ್’. ತಂಡಕ್ಕೆ ನಾಲ್ವರು, ತಲಾ ಎರಡು ಕಲ್ಲು, ಎರಡೂ ಕಡೆ ಸೇರಿ 16. ಸರದಿಯಂತೆ ಒಂದೊಂದನ್ನೇ ಬಿಟ್ಟು ಹದಿನಾರೂ ಮುಗಿದರೆ ಒಂದು ‘ಎಂಡ್’. ಬಟನ್‌ಗೆ ಅತಿ ಹತ್ತಿರ ಯಾರ ಕಲ್ಲಿದೆಯೋ ಅವರಿಗೆ ಮಾತ್ರ ಅಂಕ. ಎದುರಾಳಿಯ ಅತಿ ಹತ್ತಿರದ ಕಲ್ಲಿಗಿಂತ ಒಳಗೆ ಅವರವು ಎಷ್ಟಿವೆಯೋ ಅಷ್ಟು. ಇನ್ನೊಂದು ತಂಡಕ್ಕೆ ಸೊನ್ನೆ. ಇಂಥ ಹತ್ತು ಎಂಡ್‌ಗಳು ಸೇರಿದರೆ ಒಂದು ಪಂದ್ಯ, ಸಮವಾದರೆ ಮತ್ತೊಂದು ಎಂಡ್.

ಎಂಡ್‌ನ ಕೊನೆಯ ಕಲ್ಲನ್ನು ಬಿಡುವ ಹಕ್ಕಿಗೆ ‘ಹ್ಯಾಮರ್’ ಎಂದು ಹೆಸರು. ಎಲ್ಲರೂ ಆಡಿ ಮುಗಿಸಿದ ಮೇಲೆ ಕೊನೆಯ ಮಾತು ನಿಮ್ಮದೇ ಎಂದರೆ ಅದೆಷ್ಟು ದೊಡ್ಡ ಅನುಕೂಲ! ಆದರೆ ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಹ್ಯಾಮರನ್ನು ಎದುರಾಳಿಗೆ ಒಪ್ಪಿಸಬೇಕು. ಯಾರಿಗೂ ಅಂಕ ಸಿಗದಿದ್ದರೆ ಹ್ಯಾಮರ್ ಇದ್ದವರ ಬಳಿಯೇ ಉಳಿಯುತ್ತದೆ. ಹಾಗಾಗಿ ಕೊನೆಯ ಕಲ್ಲು ಕೈಯಲ್ಲಿಟ್ಟುಕೊಂಡು ಒಂದೇ ಅಂಕ ಪಡೆಯುವುದೆಂದರೆ ಬಂಗಾರ ಕೊಟ್ಟು ಚಿಲ್ಲರೆ ತಂದ ವ್ಯವಹಾರ. ಹ್ಯಾಮರ್ ಇದ್ದವರಿಗೆ ಎರಡಾದರೂ ಬೇಕು; ಎರಡು ಬರುವಂತಿಲ್ಲ ಎಂದು ಕಂಡರೆ ಬೇಕೆಂದೇ ಕೊನೆಯ ಕಲ್ಲನ್ನು ಹೌಸ್ ದಾಟಿಸಿ ಎಂಡನ್ನು ಖಾಲಿ ಬಿಡುತ್ತಾರೆ. ಹ್ಯಾಮರ್ ಇಲ್ಲದವರಿಗೆ ಎದುರಾಳಿಯನ್ನು ಒಂದಕ್ಕೆ ಕಟ್ಟಿಹಾಕಿದರೆ ಅದೇ ಜಯ. ತಾವೇ ಒಂದನ್ನು ಕದ್ದರೆ ಹಬ್ಬ.

2022ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್ ಇದಕ್ಕೆ ಒಳ್ಳೆಯ ಪಾಠ. ಬ್ರಿಟನ್ನಿನ ಬ್ರೂಸ್ ಮೂವಟ್ ತಂಡ ಹತ್ತನೆಯ ಎಂಡ್‌ಗೆ ಕಾಲಿಟ್ಟಾಗ ಒಂದು ಅಂಕ ಹಿಂದಿತ್ತು, ಹ್ಯಾಮರ್ ಅವರ ಬಳಿಯೇ ಇತ್ತು. ಎರಡು ಸಿಕ್ಕಿದ್ದರೆ ಚಿನ್ನ. ಸಿಕ್ಕಿದ್ದು ಒಂದು. ಸ್ಕೋರು ಸಮವಾಯಿತು, ಆದರೆ ಹನ್ನೊಂದನೆಯ ಎಂಡ್‌ನ ಹ್ಯಾಮರ್ ಸ್ವೀಡನ್ನಿನ ನಿಕ್ಲಾಸ್ ಎಡಿನ್ ಕೈಗೆ ಹೋಯಿತು. 5-4ರಲ್ಲಿ ಸ್ವೀಡನ್ ಗೆದ್ದಿತು. ಬರೀ ಸ್ಕೋರ್‌ಬೋರ್ಡ್ ನೋಡುವವರಿಗೆ ಅದು ಬ್ರಿಟನ್ ಸರಿಗಟ್ಟಿದ ಗಳಿಗೆ. ಆಟ ಬಲ್ಲವರಿಗೆ ಆಗಲೇ ಅಳುಕು ಶುರುವಾಗಿತ್ತು.

ಆದ್ದರಿಂದ ಟಿವಿ ಪರದೆಯ ಮೂಲೆಯಲ್ಲಿ ಅಂಕಗಳನ್ನು ಹುಡುಕುವ ಮೊದಲು ಹ್ಯಾಮರ್ ಗುರುತನ್ನು ಹುಡುಕಿ. ಆಮೇಲೆ ಎಂಡ್‌ನ ಮೊದಲ ಕಲ್ಲುಗಳನ್ನು ಗಮನಿಸಿ. ಹೊಸಬರು ಇಲ್ಲೇ ಕಾಫಿಗೆ ಎದ್ದುಹೋಗುತ್ತಾರೆ, ಕೊನೆಯ ಎರಡು ಕಲ್ಲಿಗೆ ಬಂದು ಕೂರುತ್ತಾರೆ. ತಂಡಗಳ ಇಡೀ ಇರಾದೆ ಬಯಲಾಗುವುದು ಮಾತ್ರ ಆರಂಭದಲ್ಲೇ. ಹ್ಯಾಮರ್ ಇಲ್ಲದವರು ಹೌಸ್‌ನ ಮುಂದೆ ಸರಿಯಾಗಿ ನಡುಗೆರೆಯ ಮೇಲೆ ಕಾವಲು ಕಲ್ಲು, ಅಂದರೆ ‘ಗಾರ್ಡ್’, ನಿಲ್ಲಿಸಿದರೆ ಬಟನ್‌ನ ದಾರಿ ಮುಚ್ಚಿ ಅಂಕ ಕದಿಯುವ ಹಂಚಿಕೆ. ಹ್ಯಾಮರ್ ಇದ್ದವರು ಗಾರ್ಡನ್ನು ಬದಿಗೆ ಇಟ್ಟರೆ ನಡುವನ್ನು ತೆರೆದಿಟ್ಟು, ಬದಿಯ ಕಲ್ಲಿನ ಮರೆಯಲ್ಲಿ ಎರಡನೆಯ ಅಂಕ ಬಚ್ಚಿಡುವ ಆಸೆ. ಯಾರೂ ಗಾರ್ಡ್ ಇಡದೆ ಕಲ್ಲನ್ನು ನೇರ ಹೌಸ್ ಒಳಗೆ ಬಿಟ್ಟರೆ ಮುನ್ನಡೆಯಲ್ಲಿರುವವರು ಆಟವನ್ನು ತಣ್ಣಗೆ ಮುಗಿಸಲು ನೋಡುತ್ತಿದ್ದಾರೆ ಎಂದುಕೊಳ್ಳಿ.

ಈಗ ಒಂದೇ ಒಂದು ಕಲ್ಲನ್ನು ಬೆನ್ನಟ್ಟೋಣ. ತೂಕ 17ರಿಂದ 20 ಕಿಲೋ ನಡುವೆ. ಸ್ಕಾಟ್ಲೆಂಡಿನ ಕರಾವಳಿಯಾಚೆ, ಜನವಸತಿಯಿಲ್ಲದ ಏಲ್ಸ ಕ್ರೇಗ್ ಎಂಬ ದ್ವೀಪದ ಗ್ರಾನೈಟಿಗೆ ಈ ಆಟದಲ್ಲಿ ಎಲ್ಲಿಲ್ಲದ ಮಾನ. ಮಾಕ್ಲಿನ್ ಊರಿನ ಕೇಸ್ ಕಂಪನಿ 1851ರಿಂದ ಕರ್ಲಿಂಗ್ ಕಲ್ಲುಗಳನ್ನು ಕಡೆಯುತ್ತ ಬಂದಿದೆ. ಕಲ್ಲಿನ ತಳ ಸಪಾಟಲ್ಲ, ಒಳಕ್ಕೆ ಬಾಗಿದೆ. ಐಸ್‌ಗೆ ತಾಗುವುದು ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ. ಐಸ್ ಕೂಡ ಕನ್ನಡಿಯ ಹಾಗೆ ನುಣುಪಲ್ಲ. ಪಂದ್ಯಕ್ಕೆ ಮುನ್ನ ಐಸ್ ಸಿದ್ಧಪಡಿಸುವವರು ಬೆನ್ನಿಗೆ ತೊಟ್ಟಿ ಕಟ್ಟಿಕೊಂಡು ಹಿಂದೆ ಹಿಂದೆ ನಡೆಯುತ್ತ ನೀರಿನ ಹನಿಗಳನ್ನು ಚಿಮುಕಿಸುತ್ತಾರೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಗುಳ್ಳೆ ಗುಳ್ಳೆಯಾಗುತ್ತವೆ. ಕಲ್ಲು ಜಾರುವುದು ಈ ಗುಳ್ಳೆಗಳ ತಲೆಯ ಮೇಲೆ. ಅದರಿಂದಲೇ ಆ ಗುಡುಗುಡು ಸದ್ದು. ವೀಕ್ಷಕ ವಿವರಣೆಯ ನಡುವೆಯೂ ಅದಕ್ಕೆ ಕಿವಿಗೊಡಿ.

ಆಟಗಾರ ರಬ್ಬರಿನ ಆಧಾರಕ್ಕೆ ಕಾಲು ಒತ್ತಿ ಮುನ್ನುಗ್ಗಿ, ಮಂಡಿ ಮಡಿಸಿ ಜಾರುತ್ತ ಬಂದು, ಗೊತ್ತಾದ ಗೆರೆ ದಾಟುವ ಮೊದಲೇ ಹಿಡಿಕೆ ಬಿಡುತ್ತಾನೆ. ಬಿಡುವಾಗ ಬೆರಳಿನಿಂದ ಅತಿ ಮೆಲ್ಲನೆ ಒಂದು ತಿರುವು. ಆ ತುದಿ ಮುಟ್ಟುವವರೆಗೆ ಕಲ್ಲು ಸುತ್ತುವುದು ಮೂರು ನಾಲ್ಕು ಸುತ್ತು, ಆದರೆ ಅಷ್ಟರಿಂದಲೇ ಅದರ ದಾರಿ ಒಂದು ಮೀಟರಿಗಿಂತ ಹೆಚ್ಚು ವಾಲುತ್ತದೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಲೋಟವನ್ನು ಬೋರಲು ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಿಸಿ ಮುಂದಕ್ಕೆ ತಳ್ಳಿ ನೋಡಿ: ಅದು ಎಡಕ್ಕೆ ವಾಲುತ್ತದೆ. ಹಾಗೆಯೇ ತಿರುಗಿಸಿದ ಕರ್ಲಿಂಗ್ ಕಲ್ಲು ಬಲಕ್ಕೆ ವಾಲುತ್ತದೆ. ಇದೇಕೆಂದು ಸ್ವೀಡನ್, ಕೆನಡಾ, ಜಪಾನಿನ ಭೌತವಿಜ್ಞಾನಿಗಳು ಇನ್ನೂ ವಾದಿಸುತ್ತಲೇ ಇದ್ದಾರೆ. ಆಟಗಾರರಿಗೆ ಆ ಚಿಂತೆಯಿಲ್ಲ. ಗಾರ್ಡ್ ಕಲ್ಲಿನ ಪಕ್ಕದಲ್ಲಿ ನುಸುಳಿ ಅದರ ಬೆನ್ನಿಗೇ ಹೋಗಿ ನಿಲ್ಲುವುದು ಈ ವಾಲುವಿಕೆಯಿಂದ ಸಾಧ್ಯವಾಗಿದೆ, ಅಷ್ಟು ಅವರಿಗೆ ಸಾಕು.

ಉಜ್ಜುವವರನ್ನು ಕಂಡು ನಗುವವರು ಒಮ್ಮೆ ಅವರ ಭುಜ ನೋಡಲಿ. ಇಡೀ ಮೈಭಾರವನ್ನು ಬ್ರಷ್‌ಗೆ ಹೇರಿ ಓಡುತ್ತಲೇ ಉಜ್ಜಬೇಕು. ಅದರ ಬಿಸಿಗೆ ಐಸ್‌ನ ಮೈ ಜಾರಿಕೆಯಾಗಿ ಕಲ್ಲು ಇನ್ನಷ್ಟು ದೂರ ಸಾಗುತ್ತದೆ, ವಾಲುವುದು ತಡವಾಗುತ್ತದೆ. ಹೊಸಬಗೆಯ ಬಟ್ಟೆಯ ಬ್ರಷ್‌ಗಳಿಂದ ಕಲ್ಲನ್ನು ಬೇಕಾದ ಕಡೆ ನಡೆಸಬಹುದು ಎಂದಾಗಿ 2015ರಲ್ಲಿ ದೊಡ್ಡ ರಂಪವೇ ಎದ್ದಿತು. ಮರುವರ್ಷ ಬಟ್ಟೆಗೆ ಏಕರೂಪದ ನಿಯಮ ಬಂತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಕಲ್ಲು ಬಿಟ್ಟವನ ಕೈಗಿಂತ ಅಂಗಡಿಯ ಬಟ್ಟೆ ದೊಡ್ಡದಾಗಬಾರದು.

ಈ ಆಟಕ್ಕೆ ಇನ್ನೊಂದು ಸೊಗಸಿದೆ: ಆಟಗಾರರ ಎದೆಗೆ ಸಿಕ್ಕಿಸಿದ ಮೈಕ್. ಬೇರೆ ಆಟಗಳಲ್ಲಿ ನಾಯಕ ಏನು ಪಿಸುಗುಟ್ಟಿದ ಎಂದು ಊಹಿಸಬೇಕು; ಇಲ್ಲಿ ಇಡೀ ಚರ್ಚೆ ನಮ್ಮ ಕಿವಿಗೇ ಬೀಳುತ್ತದೆ. ಉಜ್ಜುವವರು ಓಡುತ್ತಲೇ ‘ಆರು’, ‘ಏಳು’ ಎಂದು ಕೂಗುವುದು ಕೇಳಿಸಿದರೆ ಅದು ಕಲ್ಲು ಎಲ್ಲಿ ನಿಂತೀತು ಎಂಬ ಅಂದಾಜು. ಸಾಮಾನ್ಯವಾಗಿ ನಾಲ್ಕೆಂದರೆ ಹೌಸ್‌ನ ಮುಂದಿನ ಅಂಚು, ಏಳೆಂದರೆ ಬಟನ್, ಹತ್ತೆಂದರೆ ಹಿಂದಿನ ಅಂಚು. ವೇಗದ ಲೆಕ್ಕ ಉಜ್ಜುವವರದು, ದಿಕ್ಕಿನ ಲೆಕ್ಕ ಆ ತುದಿಯಲ್ಲಿ ನಿಂತ ನಾಯಕನದು. ಆ ನಾಯಕನಿಗೆ ‘ಸ್ಕಿಪ್’ ಎನ್ನುತ್ತಾರೆ. ಅವನ ಕಿರುಚಾಟ ಇಷ್ಟು ದೂರದ ಈ ಜುಗಲ್ಬಂದಿಗಾಗಿಯೇ. ಕೆನಡಾದ ರಸ್ ಹೊವಾರ್ಡ್ 1989ರ ರಾಷ್ಟ್ರೀಯ ಟೂರ್ನಿಯಲ್ಲಿ ಕೂಗಿ ಕೂಗಿ ಗಂಟಲು ಬಿದ್ದುಹೋಗಿ, ತಮ್ಮ ಗ್ಲೆನ್ ಜೊತೆ ವಾಕಿಟಾಕಿಯಲ್ಲಿ ಮಾತಾಡಿದ್ದುಂಟು.

ಇದೇ ಹೊವಾರ್ಡ್‌ಗೆ ಇಂದಿನ ಪ್ರೇಕ್ಷಕರೆಲ್ಲ ಋಣಿಗಳು. ಎಂಬತ್ತರ ದಶಕದಲ್ಲಿ ಪುರುಷರ ಆಟ ಬೇಸರದ ಬಾವಿಗೆ ಬಿದ್ದಿತ್ತು. ಬಲಿಷ್ಠ ತಂಡಗಳು ಒಮ್ಮೆ ಮುನ್ನಡೆ ಪಡೆದರೆ ಎದುರಾಳಿಯ ಪ್ರತಿ ಗಾರ್ಡನ್ನೂ ಬಿರುಸಿನ ಕಲ್ಲಿನಿಂದ ಆಚೆಗೆ ಹೊಡೆದು ಐಸನ್ನು ಬರಿದು ಮಾಡುತ್ತಿದ್ದವು. ಎಂಡ್‌ನ ಮೊದಲ ಕೆಲವು ಕಲ್ಲುಗಳವರೆಗೆ ಮುಂದಿನ ಗಾರ್ಡನ್ನು ಆಟದಿಂದ ಹೊರಗಟ್ಟುವಂತಿಲ್ಲ ಎಂಬ ಉಪಾಯವನ್ನು ಹೊವಾರ್ಡ್ ತಮ್ಮ ಅಭ್ಯಾಸದಲ್ಲಿ ಬಳಸುತ್ತಿದ್ದರು. 1990ರಲ್ಲಿ ಮಾಂಕ್ಟನ್ ಊರಿನ ಒಂದು ಟೂರ್ನಿ ಅದನ್ನು ನಿಯಮವಾಗಿ ತಂದಿತು. ಜಗತ್ತು ಅದನ್ನು ಎತ್ತಿಕೊಂಡಿತು. 2018ರಿಂದ ಈ ರಕ್ಷಣೆ ಐದು ಕಲ್ಲುಗಳವರೆಗೆ ವಿಸ್ತರಿಸಿದೆ. ಗಾರ್ಡುಗಳು ಉಳಿಯುತ್ತವೆ, ಹೌಸ್ ತುಂಬುತ್ತದೆ, ಒಂದೇ ಏಟಿಗೆ ಎರಡು ಮೂರು ಕಲ್ಲು ಹೊರಗೋಡುವ ಹೊಡೆತ ಬೇಕಾಗುತ್ತದೆ. 2018ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಜಾನ್ ಶೂಸ್ಟರ್ 5-5ರ ಸಮದಲ್ಲಿದ್ದಾಗ ಎಂಟನೆಯ ಎಂಡ್‌ನ ಕೊನೆಯ ಕಲ್ಲಿನಲ್ಲಿ ಸ್ವೀಡನ್ನಿನ ಎರಡು ಕಲ್ಲು ಉಡಾಯಿಸಿ ಒಮ್ಮೆಗೇ ಐದು ಅಂಕ ಬಾಚಿದ್ದು ಇಂಥ ತುಂಬಿದ ಮನೆಯಲ್ಲೇ.

ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ರೂಪ 1959ರ ಸ್ಕಾಚ್ ಕಪ್; ಸ್ಕಾಟ್ಲೆಂಡ್ ಮತ್ತು ಕೆನಡಾ ಎರಡೇ ತಂಡ, ಹಣ ಹಾಕಿದ್ದು ವಿಸ್ಕಿ ತಯಾರಕರು. ಅಣ್ಣತಮ್ಮಂದಿರು, ದಾಯಾದಿಗಳೇ ತುಂಬಿದ್ದ ಸಸ್ಕಾಚವಾನಿನ ಅರ್ನಿ ರಿಚರ್ಡ್‌ಸನ್ ತಂಡ ಮೊದಲ ಐದು ವರ್ಷಗಳಲ್ಲಿ ನಾಲ್ಕು ಸಲ ಗೆದ್ದಿತು. ಇವೆಲ್ಲ ಅಂಕಿಅಂಶ. ಆದರೆ 1972ರ ಕಥೆಯನ್ನು ಮರೆಯುವಂತಿಲ್ಲ. ಜರ್ಮನಿಯ ಗಾರ್ಮಿಶ್‌ನಲ್ಲಿ ಫೈನಲ್. ಕೊನೆಯ ಎಂಡ್‌ನಲ್ಲಿ ಅಮೆರಿಕಕ್ಕೆ ಎರಡು ಅಂಕಗಳ ಮುನ್ನಡೆ. ಕೆನಡಾದ ಓರೆಸ್ಟ್ ಮೆಲೆಸ್ಚುಕ್ ಬಿಟ್ಟ ಕೊನೆಯ ಕಲ್ಲು ಎದುರಾಳಿಯ ಕಲ್ಲಿಗೆ ಬಡಿದು ಉರುಳಿ ನಿಂತಿತು. ಯಾವುದು ಒಳಗೆ, ಯಾವುದು ಹೊರಗೆ ಎಂದು ಅಳೆದು ನೋಡಬೇಕಿತ್ತು. ಗೆದ್ದೆವೆಂದು ಕುಣಿಯಲು ಹೋದ ಅಮೆರಿಕದ ಸ್ಕಿಪ್ ಬಾಬ್ ಲಬಾಂಟ್ ಜಾರಿ ಬಿದ್ದ. ಅವನ ಕಾಲು ಕೆನಡಾದ ಕಲ್ಲಿಗೆ ತಾಗಿ ಅದು ಸರಿಯಿತು. ಇನ್ನು ಅಳೆಯುವುದೇನು? ಎರಡು ಅಂಕ ಕೆನಡಾಕ್ಕೆ ಹೋಯಿತು, ಹೆಚ್ಚುವರಿ ಎಂಡ್‌ನಲ್ಲಿ ಕಪ್ಪೂ ಹೋಯಿತು. ಆಮೇಲೆ 1980ರವರೆಗೆ ಕೆನಡಾ ಗೆಲ್ಲಲೇ ಇಲ್ಲ. ಲಬಾಂಟ್ ಶಾಪ ಹಾಕಿದ ಎಂದು ಜನ ಕಥೆ ಕಟ್ಟಿದರು.

ಆ ಪ್ರಸಂಗದಲ್ಲಿ ಕಲ್ಲನ್ನು ಕಾಲಿಂದ ತಾಗಿಸಿದ್ದು ಎಲ್ಲರ ಕಣ್ಣೆದುರೇ ಆಯಿತು. ಯಾರೂ ನೋಡದಿದ್ದಾಗಲೂ ಬ್ರಷ್ ತಾಗಿದ್ದನ್ನು ಆಟಗಾರ ತಾನಾಗಿ ಹೇಳಬೇಕೆಂಬುದು ಇಲ್ಲಿಯ ರೂಢಿ. ಸೋಲು ಖಚಿತವಾದರೆ ಉಳಿದ ಎಂಡ್‌ಗಳನ್ನು ಎಳೆಯದೆ ಕೈಗವಸು ಕಳಚಿ ಎದುರಾಳಿಯ ಕೈ ಕುಲುಕುತ್ತಾರೆ. ಪಂದ್ಯ ಅರ್ಧಕ್ಕೇ ನಿಂತಿತೆಂದು ಗಾಬರಿ ಬೀಳಬೇಡಿ.

ಯಾರ ಆಟ ನೋಡಬೇಕು? ಎಡಿನ್ 2013ರಿಂದ 2024ರವರೆಗೆ ಏಳು ಸಲ ವಿಶ್ವ ಚಾಂಪಿಯನ್ ಆದವರು. ಕಷ್ಟದ ಎಂಡನ್ನು ಖಾಲಿ ಬಿಟ್ಟು ಹ್ಯಾಮರ್ ಕಾಯುವ ಅವರ ತಾಳ್ಮೆ ನನಗೆ ಅವರ ಹೊಡೆತಗಳಿಗಿಂತ ಇಷ್ಟ. ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ, ವಿಶ್ವ ಚಾಂಪಿಯನ್‌ಷಿಪ್ಪನ್ನು 2023 ಮತ್ತು 2025ರಲ್ಲಿ ಸ್ಕಾಟ್ಲೆಂಡ್ ಪರ ಗೆದ್ದ ಮೂವಟ್ ಇನ್ನೊಂದು ಬಗೆ. ಕಲ್ಲುಗಳ ಸಂತೆ ನೆರೆಸಿ ಅದರ ನಡುವೆ ದಾರಿ ಹುಡುಕುವವರು. 2025ರಲ್ಲಿ ಮೂಸ್ ಜಾ ಊರಿನಲ್ಲಿ ನಡೆದ ಫೈನಲ್‌ನಲ್ಲಿ ಅವರಿಗೆ 5-4ರಲ್ಲಿ ಸೋತ ಸ್ವಿಸ್ ತಂಡದಲ್ಲಿ ಒಂದು ವಿಶೇಷ: ಸ್ಕಿಪ್ ಯಾನಿಕ್ ಶ್ವಾಲರ್ ಮೂರನೆಯವರಾಗಿ ಆಡಿ, ಕೊನೆಯ ಕಲ್ಲುಗಳನ್ನು ಬೆನ್ವಾ ಶ್ವಾರ್ಟ್ಸ್ ಫಾನ್ ಬರ್ಕೆಲ್ ಅವರಿಗೆ ಬಿಡುತ್ತಾರೆ. ಯೋಜನೆ ಒಬ್ಬರದು, ಕೈ ಇನ್ನೊಬ್ಬರದು. ಟೊರಾಂಟೊ, ಕ್ಯಾಲ್ಗರಿಯಂಥ ಊರಲ್ಲಿರುವ ಕನ್ನಡಿಗರಾದರೆ ಹತ್ತಿರದ ಕ್ಲಬ್ಬಿಗೆ ಹೋಗಿ ಒಂದು ಕಲ್ಲನ್ನು ತಾವೇ ತಳ್ಳಿ ನೋಡಬಹುದು; ಹೊಸಬರಿಗೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ.

2025ರಲ್ಲಿ ನಡೆದ ಬಗೆಯಲ್ಲಿ ಹದಿಮೂರು ತಂಡಗಳು, ಪ್ರತಿ ತಂಡ ಉಳಿದೆಲ್ಲವನ್ನೂ ಎದುರಿಸಿದ ಮೇಲೆ ಮೊದಲ ಆರಕ್ಕೆ ನಾಕೌಟ್. ಮೊದಲ ನೋಟಕ್ಕೆ ಫೈನಲ್ ಆರಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅಲ್ಲಿ ಇಬ್ಬರೂ ಎಷ್ಟು ನಿಖರ ಎಂದರೆ ಎಲ್ಲವೂ ಸುಲಭವೆಂದೇ ತೋರುತ್ತದೆ. ವಾರದ ನಡುವಿನ ಯಾವುದಾದರೂ ಪಂದ್ಯಕ್ಕೆ ಕೂರಿ. ಪಟ್ಟಿಯ ಮಧ್ಯದಲ್ಲಿರುವ ಎರಡು ತಂಡಗಳಿರಲಿ. ಒಂದು ಗಾರ್ಡ್ ಅರ್ಧ ಅಡಿ ಪಕ್ಕಕ್ಕೆ ನಿಂತರೆ ಮುಂದಿನ ಎಂಟು ಕಲ್ಲುಗಳ ಲೆಕ್ಕ ಹೇಗೆ ತಲೆಕೆಳಗಾಗುತ್ತದೆ ಎಂಬುದು ಅಲ್ಲೇ ಚೆನ್ನಾಗಿ ಕಾಣುವುದು. ಏಳನೆಯ ಎಂಡ್ ಮುಗಿದಾಗ ಧ್ವನಿ ಸಣ್ಣದು ಮಾಡಿ, ಹತ್ತನೆಯ ಎಂಡ್‌ನಲ್ಲಿ ಹ್ಯಾಮರ್ ಯಾರ ಬಳಿ ಇರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಸ್ಕಿಪ್‌ಗಳಿಬ್ಬರೂ ಆ ಹೊತ್ತಿಗೆ ಅದನ್ನೇ ಹಾಕುತ್ತಿರುತ್ತಾರೆ.